ದನದ ಮಾಂಸ–ತರಕಾರಿ ಸ್ಟರ್ ಫ್ರೈ: ಮಾಂಸ ಹುರಿಯುವುದರ ಬದಲು ನೀರಿನಲ್ಲಿ ಬೇಯುತ್ತಿದೆ

ಮಿಸಿಸಾಗಾ_ಮನೆಯೂಟ

ಸ್ಟರ್ ಫ್ರೈ, ಅಂದರೆ ಹೆಚ್ಚು ಉರಿಯಲ್ಲಿ ಆಡಿಸುತ್ತ ಬೇಗನೆ ಹುರಿಯುವ ಪದಾರ್ಥ, ಮಾಡಲು ಎರಡು ತಿಂಗಳಲ್ಲಿ ಇದು ನನ್ನ ಆರನೆಯ ಪ್ರಯತ್ನ. ಆರೂ ಸಲ ಒಂದೇ ಗತಿಯಾಗಿದೆ. ಕೆನಡಾದ ಮಿಸಿಸಾಗಾದಲ್ಲಿ ಸಂಜೆ ಆರಕ್ಕೆ ಮನೆ ಸೇರಿ, ಏಳೂಕಾಲಿಗೆ ಮಗಳನ್ನು ಈಜು ತರಗತಿಗೆ ಕರೆದುಕೊಂಡು ಹೋಗಬೇಕಾದ ನನಗೆ ಐದು ಮಂದಿಯ ಊಟಕ್ಕೆ ಅರ್ಧ ಗಂಟೆಯಲ್ಲಿ ಆಗುವ ಪದಾರ್ಥವೊಂದು ಬೇಕೆಂದು ಇದನ್ನು ಆರಿಸಿಕೊಂಡೆ. 900 ಗ್ರಾಂ ಫ್ಲ್ಯಾಂಕ್ ಸ್ಟೇಕನ್ನು (ದನದ ಹೊಟ್ಟೆಯ ಭಾಗದ ಮಾಂಸ) ತೆಳುವಾಗಿ ಉದ್ದುದ್ದ ಹೆಚ್ಚಿ, ಸೋಯಾ ಸಾಸ್, ಶುಂಠಿ, ಬೆಳ್ಳುಳ್ಳಿ, ಕರಿಮೆಣಸಿನ ಪುಡಿಯಲ್ಲಿ ಕಲಸಿಡುತ್ತೇನೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ ಹಾಕಿ ಮಾಂಸ ಸುರಿಯುತ್ತೇನೆ. ಮೊದಲ ಅರ್ಧ ನಿಮಿಷ ಚುರ್ ಎನ್ನುವ ಸದ್ದು ಕೇಳುತ್ತದೆ, ಆಮೇಲೆ ಸದ್ದು ಅಡಗಿ ಬೂದು ಬಣ್ಣದ ನೀರು ಉಕ್ಕಿ ಬರುತ್ತದೆ. ಆ ನೀರು ಇಂಗುವಷ್ಟರಲ್ಲಿ ಹನ್ನೆರಡು ಹದಿಮೂರು ನಿಮಿಷ ಕಳೆದಿರುತ್ತದೆ ಮತ್ತು ಮಾಂಸ ರಬ್ಬರಿನಂತಾಗಿರುತ್ತದೆ. ಆಮೇಲೆ ಹಾಕಿದ ನೀರುಳ್ಳಿ, ದೊಣ್ಣೆ ಮೆಣಸು, ಬ್ರೊಕೊಲಿ ಕೂಡ ಪಲ್ಯದ ಹಾಗೆ ಮೆತ್ತಗಾಗುತ್ತವೆ. ನಿನ್ನೆ ನನ್ನ ಮಗ ತರಕಾರಿಯನ್ನಷ್ಟೇ ಆರಿಸಿ ತಿಂದು ತಟ್ಟೆಯನ್ನು ಸರಿಸಿದ. ಉರಿ ಕೊನೆಯ ಗುರುತಿನವರೆಗೂ ಇದೆ. ಇನ್ನೇನು ಮಾಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಹದವರಿತವಳು

ನಿಮ್ಮ ವಿವರಣೆ ಓದಿದ ಕೂಡಲೇ ಕಾರಣ ಹೊಳೆಯಿತು. ನೀವು ಮಾಂಸಕ್ಕೆ ಅಡುಗೆ ಸೋಡಾ ಹಚ್ಚುತ್ತಿಲ್ಲ. ಚೀನೀ ಅಡುಗೆಯವರು ವೆಲ್ವೆಟಿಂಗ್ ಎಂದು ಕರೆಯುವ ಈ ಕ್ರಮದಲ್ಲಿ ಸೋಡಾ ಮಾಂಸದ ಮೇಲ್ಮೈಯನ್ನು ಕ್ಷಾರೀಯವಾಗಿಸುತ್ತದೆ. ಅದರಿಂದ ಬಿಸಿ ತಾಗಿದಾಗ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳದೆ, ಒಳಗಿನ ರಸ ಹಿಂಡಿ ಹೊರಬರುವುದು ಕಡಿಮೆಯಾಗುತ್ತದೆ. 450 ಗ್ರಾಂ ಮಾಂಸಕ್ಕೆ ಅರ್ಧ ಚಮಚ ಸೋಡಾ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ತೊಳೆದು, ಕಾರ್ನ್‌ಫ್ಲೋರ್ ಮತ್ತು ಸ್ವಲ್ಪ ಎಣ್ಣೆಯಲ್ಲಿ ಕಲಸಿಕೊಳ್ಳಿ. ಹದಿನಾಲ್ಕು ವರ್ಷಗಳಿಂದ ಸಿಂಗಪುರದಲ್ಲಿರುವ ನಾನು ನೆರೆಮನೆಯ ಹಿರಿಯರಿಂದ ಕಲಿತ ಕ್ರಮವಿದು, ಒಮ್ಮೆಯೂ ಕೈಕೊಟ್ಟಿಲ್ಲ.

ನೇತ್ರಾವತಿ_ದಡ

ಸೋಡಾದ ಅಗತ್ಯವೇ ಇಲ್ಲ. ಮಾಂಸವನ್ನು ಉಪ್ಪು, ಅರಿಶಿನ ಹಾಕಿ ಕುಕ್ಕರಿನಲ್ಲಿ ನಾಲ್ಕು ಕೂಗು ಬರಿಸಿ, ನೀರನ್ನು ಬಸಿದಿಟ್ಟು, ಆಮೇಲೆ ಹೆಚ್ಚು ಉರಿಯಲ್ಲಿ ನೀರುಳ್ಳಿಯ ಜೊತೆ ಹುರಿಯಿರಿ. ಮಂಗಳೂರಿನ ನಮ್ಮ ಮನೆಯಲ್ಲಿ ಬೀಫ್ ಚಿಲ್ಲಿ ಆಗುವುದು ಹೀಗೆಯೇ. ಬಸಿದ ನೀರನ್ನು ಚೆಲ್ಲಬೇಡಿ, ಅದರಲ್ಲಿ ಮರುದಿನ ಒಳ್ಳೆಯ ಸಾರಾಗುತ್ತದೆ.

ಹದವರಿತವಳು

ನೇತ್ರಾವತಿ_ದಡ ಅವರೇ, ಕುಕ್ಕರಿನಲ್ಲಿ ಬೇಯಿಸಿದ ಮಾಂಸ ಬೇರೆಯೇ ಪದಾರ್ಥ. ಅದು ರುಚಿಯಾಗಿರಬಹುದು, ಆದರೆ ಅವರು ಕೇಳಿದ್ದು ಸ್ಟರ್ ಫ್ರೈ. ಫ್ಲ್ಯಾಂಕನ್ನು ಕುಕ್ಕರಿಗೆ ಹಾಕಿದರೆ ನಾರು ನಾರಾಗಿ ಬಿಡಿಸಿಕೊಳ್ಳುತ್ತದೆ.

ನೇತ್ರಾವತಿ_ದಡ

ಒಪ್ಪುತ್ತೇನೆ, ಆದರೆ ನನ್ನ ಮಾತಿಗೂ ಕಾರಣವಿದೆ. ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ, ಪ್ರಮಾಣಪತ್ರ ಪಡೆದ ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ ಉಳಿದಿದೆ. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸವನ್ನು ಮೂರು ನಿಮಿಷ ಬಾಣಲೆಯಲ್ಲಿ ಆಡಿಸಿದರೆ ಹಲ್ಲಿಗೆ ಬಗ್ಗುವುದಿಲ್ಲ. ನಮ್ಮ ಕ್ರಮ ಆ ಮಾಂಸಕ್ಕೆ ಹೊಂದಿಕೊಂಡೇ ಬೆಳೆದದ್ದು. ಕೆನಡಾದಲ್ಲಿ ಸಿಗುವ ಎಳೆಯ ಮಾಂಸಕ್ಕೆ ಕೂಗುಗಳನ್ನು ಕಡಿಮೆ ಮಾಡಿಕೊಳ್ಳಬಹುದು.

ಅಡುಗೆಮನೆ_ಲೆಕ್ಕ

ಪ್ರಶ್ನೆ ಕೇಳಿದವರು ಮೂರು ವಿಷಯ ತಿಳಿಸಿದರೆ ಒಳ್ಳೆಯದು. ಒಲೆ ಯಾವುದು, ಬಾಣಲೆ ಯಾವ ಲೋಹದ್ದು ಮತ್ತು ಅದರ ತಳದ ಆಕಾರ ಹೇಗಿದೆ, 900 ಗ್ರಾಮನ್ನೂ ಒಂದೇ ಸಲಕ್ಕೆ ಹಾಕುತ್ತಿದ್ದೀರಾ?

ಹದವರಿತವಳು

ಒಲೆ ಯಾವುದಾದರೂ ಇರಲಿ, ಸೋಡಾ ಇಲ್ಲದೆ ಮಾಂಸ ಮೆದುವಾಗುವುದಿಲ್ಲ. ಮೊದಲು ಅದನ್ನು ಮಾಡಿ ನೋಡಲಿ.

ಮಿಸಿಸಾಗಾ_ಮನೆಯೂಟ

ಇಂದು ಸೋಡಾ ಹಚ್ಚಿಯೇ ಮಾಡಿದೆ. 900 ಗ್ರಾಂ ಇದ್ದುದರಿಂದ ಲೆಕ್ಕದಂತೆ ಒಂದು ಚಮಚ ಪೂರ್ತಿ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು, ಸೋಸುಬಟ್ಟಲಿನಲ್ಲಿ ತೊಳೆದೆ. ಮಾಂಸ ಮೆದುವಾದದ್ದು ನಿಜ, ಆದರೆ ಬಾಯಿಗೆ ಸಾಬೂನಿನಂತಹ ರುಚಿ ಬಂತು. ನೀರು ಮೊದಲಿಗಿಂತಲೂ ಹೆಚ್ಚಾಯಿತು. ಹಳದಿ ಬಣ್ಣದ ಕಾರ್ನ್‌ಫ್ಲೋರ್ ಹಾಕಿದ್ದರಿಂದ ಎಲ್ಲವೂ ರೊಟ್ಟಿಯ ಹಿಟ್ಟಿನಂತೆ ಅಂಟಂಟಾಗಿ ಬಾಣಲೆಗೆ ಹಿಡಿಯಿತು. ಇಷ್ಟು ಹೊತ್ತು ಅಡುಗೆಮನೆಯಲ್ಲಿ ನಿಂತು ಕೊನೆಗೆ ಮಕ್ಕಳಿಗೆ ಬ್ರೆಡ್ ಆಮ್ಲೆಟ್ ಮಾಡಿಕೊಡಬೇಕಾದದ್ದು ನನಗೆ ನಿಜವಾಗಿಯೂ ಬೇಸರ ತಂದಿದೆ.

ಹಿತ್ತಲ_ಒಲೆ

ಕಾರ್ನ್‌ಫ್ಲೋರ್ ಎಂಬ ಹೆಸರಿನಿಂದ ಆದ ತೊಡಕಿದು. ಭಾರತದಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವ ಬಿಳಿಯ ನುಣುಪು ಪುಡಿಯನ್ನು ಉತ್ತರ ಅಮೆರಿಕದಲ್ಲಿ ಕಾರ್ನ್‌ಸ್ಟಾರ್ಚ್ ಎನ್ನುತ್ತಾರೆ; ಅಲ್ಲಿ ಕಾರ್ನ್‌ಫ್ಲೋರ್ ಎಂದರೆ ಮೆಕ್ಕೆಜೋಳವನ್ನು ಇಡಿಯಾಗಿ ಬೀಸಿದ ಹಿಟ್ಟು. ಸಲಹೆ ಕೊಡುವವರು ಇದನ್ನು ಮೊದಲೇ ಹೇಳಬೇಕಿತ್ತು.

ಹದವರಿತವಳು

ಸಿಂಗಪುರದಲ್ಲಿಯೂ ಭಾರತದಲ್ಲಿಯೂ ಕಾರ್ನ್‌ಫ್ಲೋರ್ ಎಂದರೆ ಬಿಳಿಯ ಪುಡಿಯೇ. ಕನ್ನಡದಲ್ಲಿ ಬರೆಯುವಾಗ ಕನ್ನಡಿಗರು ಬಳಸುವ ಪದವನ್ನೇ ಬಳಸಿದೆ. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಸಾಬೂನಿನ ರುಚಿಗೆ ಮಾತ್ರ ಸೋಡಾ ಹೆಚ್ಚಾದದ್ದೇ ಕಾರಣ. ನೀವು ಬಳಸಿದ್ದು 5 ಮಿ.ಲೀ. ಹಿಡಿಯುವ ಟೀ ಚಮಚವೋ, 15 ಮಿ.ಲೀ. ಹಿಡಿಯುವ ದೊಡ್ಡ ಚಮಚವೋ?

ಮಿಸಿಸಾಗಾ_ಮನೆಯೂಟ

ಸಾಂಬಾರ್ ಪುಡಿಯ ಡಬ್ಬಿಯಲ್ಲಿರುವ ದೊಡ್ಡ ಚಮಚ.

ಹದವರಿತವಳು

ಹಾಗಿದ್ದರೆ ಬೇಕಾದದ್ದಕ್ಕಿಂತ ಮೂರು ಪಟ್ಟು ಸೋಡಾ ಬಿದ್ದಿದೆ. ಟೀ ಚಮಚವೆಂದು ನಾನು ಸ್ಪಷ್ಟವಾಗಿ ಬರೆಯಬೇಕಿತ್ತು, ಕ್ಷಮಿಸಿ. ತೊಳೆದ ಮೇಲೆ ಮಾಂಸವನ್ನು ಬಟ್ಟೆಯಲ್ಲಿ ಒತ್ತಿ ಒರೆಸುವುದನ್ನೂ ಬಿಡಬಾರದು. ಅಳತೆ ಸರಿಪಡಿಸಿಕೊಂಡು ಇನ್ನೊಮ್ಮೆ ಮಾಡಿ ನೋಡಿ. ನನ್ನ ಪ್ರಕಾರ ದೋಷ ಇನ್ನೂ ಸೋಡಾದ ಹಂತದಲ್ಲಿಯೇ ಇದೆ.

ಹಿತ್ತಲ_ಒಲೆ

ಮನೆಯೊಳಗಿನ ಒಲೆಯಲ್ಲಿ ಸ್ಟರ್ ಫ್ರೈ ಆಗುವುದೇ ಇಲ್ಲ ಎಂಬುದು ನನ್ನ ಅನುಭವ. ಟೆಕ್ಸಸ್‌ನಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಪ್ರೊಪೇನ್ ಸಿಲಿಂಡರಿಗೆ ಜೋಡಿಸಿದ, ಗಂಟೆಗೆ 65,000 ಬಿಟಿಯು ಶಾಖ ಕೊಡುವ ಬರ್ನರ್ ಇಟ್ಟಿದ್ದೇನೆ. ಅದರ ಮೇಲೆ 14 ಇಂಚಿನ ಕಾರ್ಬನ್ ಸ್ಟೀಲ್ ವೋಕ್, ಅಂದರೆ ಚೀನೀ ಬಾಣಲೆ. ಬ್ರಿಸ್ಬೇನಿನಲ್ಲಿರುವ ತಮ್ಮನಿಗೂ ಇಂತಹದೇ ಒಂದನ್ನು ಕೊಡಿಸಿದ್ದೇನೆ. ಕ್ಯಾಂಟನ್ ಅಡುಗೆಯವರು ವೋಕ್ ಹೇ ಎನ್ನುವ ಆ ಸುಟ್ಟ ಕಂಪು ಇಂತಹ ಉರಿಯಲ್ಲಿ ಮಾತ್ರ ಬರುತ್ತದೆ. ಒಂದು ಕೆಜಿ ಮಾಂಸ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ.

ಅಡುಗೆಮನೆ_ಲೆಕ್ಕ

ನಿಮ್ಮ ಬರ್ನರ್ ಸುಮಾರು 19 ಕಿಲೋವಾಟ್ ಆಯಿತು, ಒಳ್ಳೆಯದೇ. ಆದರೆ ಈಜು ತರಗತಿಗೆ ಮೊದಲು ಊಟ ಮುಗಿಸಬೇಕಾದವರಿಗೆ, ಮಿಸಿಸಾಗಾದ ಜನವರಿಯಲ್ಲಿ, ಹಿತ್ತಲು ಉತ್ತರವಾಗದು. ನನ್ನ ಮೂರು ಪ್ರಶ್ನೆಗಳು ಹಾಗೆಯೇ ಉಳಿದಿವೆ.

ಮಿಸಿಸಾಗಾ_ಮನೆಯೂಟ

ಉತ್ತರಿಸದೆ ಉಳಿದದ್ದಕ್ಕೆ ಕ್ಷಮೆ ಇರಲಿ. ಅದು ಮುಖ್ಯವೆಂದು ನನಗೆ ತೋಚಲಿಲ್ಲ. ಬಾಡಿಗೆ ಮನೆಯಲ್ಲಿರುವುದು ಗಾಜಿನ ಮೇಲ್ಮೈಯ ವಿದ್ಯುತ್ ಒಲೆ, ಇಂಡಕ್ಷನ್ ಅಲ್ಲ, ಗಾಜಿನ ಕೆಳಗೆ ಸುರುಳಿ ಕೆಂಪಗಾಗುವಂತಹದು. ದೊಡ್ಡ ಸುರುಳಿಯ ಮೇಲೆ 2,500 ವಾಟ್ ಎಂದು ಕೈಪಿಡಿಯಲ್ಲಿದೆ. ಬಾಣಲೆ ಕಾರ್ಕಳದಿಂದ ಅಮ್ಮ ಕೊಟ್ಟು ಕಳುಹಿಸಿದ ಕಬ್ಬಿಣದ್ದು. ಊರಿನಲ್ಲಿ ಸೌದೆ ಒಲೆಯ ಮೇಲೂ ಗ್ಯಾಸಿನ ಮೇಲೂ ಅದರಲ್ಲಿ ಕೋರಿ ಸುಕ್ಕ ಬಹಳ ಚೆನ್ನಾಗಿ ಆಗುತ್ತಿತ್ತು, ಆದ್ದರಿಂದ ಬಾಣಲೆಯ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ. ತಳ ಸಹಜವಾಗಿ ಗುಂಡಗಿದೆ. ಮಾಂಸವನ್ನು ಒಂದೇ ಸಲ ಹಾಕುತ್ತೇನೆ.

ಅಡುಗೆಮನೆ_ಲೆಕ್ಕ

ನಾವೆಲ್ಲರೂ ಇಷ್ಟು ದಿನ ಗ್ಯಾಸ್ ಒಲೆಯೆಂದೇ ಎಣಿಸಿ ಮಾತನಾಡುತ್ತಿದ್ದೆವು. ಗ್ಯಾಸಿನ ಜ್ವಾಲೆ ಗುಂಡನೆಯ ತಳವನ್ನು ಸುತ್ತಲೂ ಅಪ್ಪಿಕೊಳ್ಳುತ್ತದೆ, ಸಪಾಟಾದ ಗಾಜು ಹಾಗಲ್ಲ. ಗುಂಡು ತಳ ಅದನ್ನು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಮುಟ್ಟುತ್ತದೆ. ಉಳಿದ ಶಾಖ ಪಾತ್ರೆಗೆ ಸರಿಯಾಗಿ ಹೋಗದೆ ಗಾಜಿನಲ್ಲಿಯೇ ನಿಂತು, ಗಾಜು ಅತಿಯಾಗಿ ಕಾಯಬಾರದೆಂದು ಒಳಗಿರುವ ನಿಯಂತ್ರಕ ಸುರುಳಿಯನ್ನು ಆಗಾಗ ಆರಿಸುತ್ತದೆ. ನೀವು ಉರಿಯನ್ನು ಕೊನೆಯ ಗುರುತಿಗಿಟ್ಟರೂ ಸುರುಳಿ ನಡುನಡುವೆ ಕಪ್ಪಾಗುತ್ತಿರಬೇಕು.

ಊಹೆಯಲ್ಲಿ ನಿಲ್ಲುವುದು ಬೇಡ. ಒಂದು ಲೀಟರ್ ತಣ್ಣೀರನ್ನು ಮೊದಲು ಸಪಾಟು ತಳದ ಸ್ಟೀಲ್ ಪಾತ್ರೆಯಲ್ಲಿ, ಆಮೇಲೆ ಒಲೆ ಪೂರ್ತಿ ಆರಿದ ಮೇಲೆ ಅದೇ ಸುರುಳಿಯ ಮೇಲೆ ನಿಮ್ಮ ಬಾಣಲೆಯಲ್ಲಿ ಕುದಿಸಿ, ಎರಡಕ್ಕೂ ಹಿಡಿದ ಸಮಯ ಬರೆದುಕೊಳ್ಳಿ. ಮುಂದಿನ ಸಲ ಮಾಂಸ ಬಿಟ್ಟ ನೀರನ್ನು ಅಳತೆಯ ಲೋಟಕ್ಕೆ ಬಸಿದು ನೋಡಿ.

ನೇತ್ರಾವತಿ_ದಡ

ಗುಂಡು ತಳದ ಬಾಣಲೆಗೆ ಕೆಳಗೆ ಕಬ್ಬಿಣದ ಬಳೆ ಇಟ್ಟರೆ ನಿಲ್ಲುತ್ತದೆಯಲ್ಲವೇ?

ಅಡುಗೆಮನೆ_ಲೆಕ್ಕ

ನಿಲ್ಲುತ್ತದೆ, ಆದರೆ ಬಾಣಲೆ ಗಾಜಿನಿಂದ ಇನ್ನೂ ಮೇಲೇರುತ್ತದೆ. ಗ್ಯಾಸಿಗೆ ಬಳೆ ಉಪಯುಕ್ತ, ಇಲ್ಲಿ ತೊಂದರೆಯನ್ನೇ ಹೆಚ್ಚಿಸುತ್ತದೆ.

ಮಿಸಿಸಾಗಾ_ಮನೆಯೂಟ

ಸ್ಟೀಲ್ ಪಾತ್ರೆಯಲ್ಲಿ 5 ನಿಮಿಷ 40 ಸೆಕೆಂಡ್. ಅಮ್ಮನ ಬಾಣಲೆಯಲ್ಲಿ 13 ನಿಮಿಷ. ಸುರುಳಿ ಆರಿ ಹತ್ತುವುದನ್ನು ಕಣ್ಣಾರೆ ಕಂಡೆ. ಮಾಂಸ ಬಿಟ್ಟ ನೀರು 150 ಮಿ.ಲೀ. ಇತ್ತು. ಈ ವ್ಯತ್ಯಾಸ ನೋಡಿ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಅಡುಗೆಮನೆ_ಲೆಕ್ಕ

ಅಳತೆಗಳು ಎಲ್ಲವನ್ನೂ ಹೇಳುತ್ತಿವೆ. ನಲ್ಲಿಯ ನೀರು 15 ಡಿಗ್ರಿಯದೆಂದು ಹಿಡಿದರೆ ಒಂದು ಲೀಟರನ್ನು ಕುದಿಗೆ ತರಲು ಸುಮಾರು 356 ಕಿಲೋಜೂಲ್ ಬೇಕು. ಅಂದರೆ ಸ್ಟೀಲ್ ಪಾತ್ರೆಯೊಳಗಿನ ನೀರಿಗೆ ಸುಮಾರು 1,000 ವಾಟ್ ತಲುಪಿದೆ, ಬಾಣಲೆಯೊಳಗಿನ ನೀರಿಗೆ ತಲುಪಿದ್ದು 450 ವಾಟ್. 100 ಡಿಗ್ರಿಯ ನೀರನ್ನು ಆವಿಯಾಗಿಸಲು ಕೆಜಿಗೆ 2,257 ಕಿಲೋಜೂಲ್ ಬೇಕಾಗುವುದರಿಂದ ನಿಮ್ಮ 150 ಮಿ.ಲೀ. ಇಂಗಲು 450 ವಾಟಿನಲ್ಲಿ ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ನೀವು ಮೊದಲ ದಿನವೇ ಬರೆದ ಹನ್ನೆರಡು ಹದಿಮೂರು ನಿಮಿಷ ಇದೇ. ನೀರು ಇರುವವರೆಗೆ ಮಾಂಸದ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣವೂ ಹುರಿದ ಪರಿಮಳವೂ ಸರಿಯಾಗಿ ಹುಟ್ಟುವುದು 140 ಡಿಗ್ರಿಯ ಮೇಲೆ. ಸೋಡಾದಿಂದ ಮಾಂಸ ಮೆದುವಾದೀತು, ಆದರೆ ಒಲೆಯಿಂದ ಬಾರದ ಶಾಖವನ್ನು ಅದು ತಂದುಕೊಡಲಾರದು.

ಸಪಾಟು ತಳದ ಪಾತ್ರೆಗೆ ಬದಲಾಯಿಸಿದರೂ 900 ಗ್ರಾಮನ್ನು ಒಟ್ಟಿಗೆ ಹಾಕಿದರೆ ಇನ್ನೂ ಐದಾರು ನಿಮಿಷ ಬೇಯುತ್ತದೆ. ಆದ್ದರಿಂದ ಒಲೆಯನ್ನು ನಂಬದೆ ಕಬ್ಬಿಣದಲ್ಲಿ ಮೊದಲೇ ಶಾಖ ಕೂಡಿಡಬೇಕು. ಎರಡು ಕೆಜಿ ತೂಕದ ಎರಕದ ಕಬ್ಬಿಣದ ಸಪಾಟು ಬಾಣಲೆಯನ್ನು 225 ಡಿಗ್ರಿಗೆ ಕಾಯಿಸಿದರೆ, ಅದು 100 ಡಿಗ್ರಿಗೆ ಇಳಿಯುವಾಗ ಬಿಡುವ ಶಾಖವೇ 50 ಮಿ.ಲೀ. ನೀರನ್ನು ಆವಿಯಾಗಿಸಬಲ್ಲದು. 225 ಗ್ರಾಂ ಮಾಂಸ ಬಿಡುವುದು ಹೆಚ್ಚೆಂದರೆ 40 ಮಿ.ಲೀ. ನಾಲ್ಕು ಕಂತು ಮಾಡಿ. ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ನಿಧಾನವಾಗಿ ಕಾಯಿಸಿ, ಚಿಮುಕಿಸಿದ ನೀರಿನ ಹನಿ ಮುತ್ತಿನಂತೆ ಉರುಳಿದ ಮೇಲೆ ಎಣ್ಣೆ ಹಾಕಿ. ಅಂಟದ ಲೇಪವಿರುವ ಬಾಣಲೆಯಲ್ಲಿ ಮಾತ್ರ ಹೀಗೆ ಮಾಡಬೇಡಿ; 260 ಡಿಗ್ರಿ ದಾಟಿದರೆ ಆ ಲೇಪ ಕೆಡಲು ತೊಡಗುತ್ತದೆ.

ಹದವರಿತವಳು

ಲೆಕ್ಕವನ್ನು ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಗ್ಯಾಸ್ ಇರುವುದರಿಂದ ಒಲೆಯ ಪ್ರಶ್ನೆಯನ್ನು ನಾನು ಬದಿಗೆ ಸರಿಸಿದ್ದು ತಪ್ಪಾಯಿತು. ಒಂದು ಮಾತನ್ನಷ್ಟೇ ಸೇರಿಸುತ್ತೇನೆ. ಮೊದಲ ಬರಹದಲ್ಲಿ ಅವರು ಮಾಂಸವನ್ನು ಉದ್ದುದ್ದ ಹೆಚ್ಚಿದ್ದೇನೆ ಎಂದಿದ್ದಾರೆ. ಫ್ಲ್ಯಾಂಕಿನಲ್ಲಿ ನಾರುಗಳು ಒಂದೇ ದಿಕ್ಕಿಗೆ ಓಡುವುದು ಬರಿಗಣ್ಣಿಗೇ ಕಾಣುತ್ತದೆ. ನಾರಿನ ಉದ್ದಕ್ಕೆ ಹೆಚ್ಚಿದರೆ ಎಷ್ಟು ಚೆನ್ನಾಗಿ ಹುರಿದರೂ ಹಗ್ಗ ಅಗಿದಂತಾಗುತ್ತದೆ. ತುಂಡನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಗಟ್ಟಿಯಾಗಿಸಿ, ನಾರಿಗೆ ಅಡ್ಡಲಾಗಿ 4 ಮಿ.ಮೀ. ದಪ್ಪಕ್ಕೆ ಹೆಚ್ಚಿ. ಸೋಯಾ ಸಾಸನ್ನು ಮಾಂಸಕ್ಕೆ ಒಂದು ದೊಡ್ಡ ಚಮಚ ಮಾತ್ರ ಹಚ್ಚಿ, ಉಳಿದದ್ದನ್ನು ಕೊನೆಯಲ್ಲಿ ಹಾಕಿ.

ಮಿಸಿಸಾಗಾ_ಮನೆಯೂಟ

ಬುಧವಾರ ರಾತ್ರಿ ಬರೆಯುತ್ತಿದ್ದೇನೆ. ಸಹೋದ್ಯೋಗಿಯೊಬ್ಬರಿಂದ ಎರಕದ ಕಬ್ಬಿಣದ ಬಾಣಲೆ ಎರವಲು ತಂದು, ಮಾಂಸವನ್ನು ಅಡ್ಡಲಾಗಿ ಹೆಚ್ಚಿ, ಸೋಡಾ ಇಲ್ಲದೆ, ಬಿಳಿಯ ಕಾರ್ನ್‌ಸ್ಟಾರ್ಚ್ ಹಚ್ಚಿ ನಾಲ್ಕು ಕಂತು ಮಾಡಿದೆ. ಮೊದಲ ಕಂತಿನಲ್ಲಿ ಸದ್ದು ಒಮ್ಮೆಯೂ ಅಡಗಲಿಲ್ಲ. ಒಂದು ನಿಮಿಷದಲ್ಲಿ ಅಂಚುಗಳು ಕಂದು ಬಣ್ಣಕ್ಕೆ ತಿರುಗಿದವು. ಎರಡನೆಯದು ಸ್ವಲ್ಪ ಕಡಿಮೆ. ಮೂರನೆಯ ಮತ್ತು ನಾಲ್ಕನೆಯ ಕಂತಿನಲ್ಲಿ ಮತ್ತೆ ನೀರು ಬಂತು. ತರಕಾರಿಯನ್ನು ಕೊನೆಯಲ್ಲಿ ಬೇರೆಯಾಗಿಯೇ ಬಾಡಿಸಿ ಸೇರಿಸಿದೆ. ಮಗ ಎರಡು ಸಲ ಹಾಕಿಸಿಕೊಂಡ. ಆದರೆ ಕಂತುಗಳ ನಡುವೆ ವ್ಯತ್ಯಾಸ ಏಕೆ?

ಅಡುಗೆಮನೆ_ಲೆಕ್ಕ

ಕಂತು ತೆಗೆದ ಕೂಡಲೇ ಮುಂದಿನದನ್ನು ಹಾಕಿದ್ದೀರಿ. ಆಗ ಬಾಣಲೆ ಸುಮಾರು 120 ಡಿಗ್ರಿಗೆ ಇಳಿದಿರುತ್ತದೆ. ಅದನ್ನು ಮತ್ತೆ 225ಕ್ಕೆ ಏರಿಸಲು 95 ಕಿಲೋಜೂಲ್, ಅಂದರೆ ನಿಮ್ಮ ಒಲೆಯಲ್ಲಿ ಒಂದೂವರೆ ನಿಮಿಷ ಬೇಕು. ನೀರಿನ ಹನಿ ಮತ್ತೆ ಉರುಳುವವರೆಗೆ ಕಾಯಿರಿ, ಆಮೇಲೆ ಎಣ್ಣೆ ಹಾಕಿ. ಆ ಹೊತ್ತಿನಲ್ಲಿ ಬ್ರೊಕೊಲಿ ಹೆಚ್ಚಿಕೊಳ್ಳಬಹುದು.

ಹಿತ್ತಲ_ಒಲೆ

ಅಮ್ಮನ ಬಾಣಲೆಯನ್ನು ಬದಿಗೆ ಹಾಕಬೇಡಿ. ಸ್ವಂತ ಹಿತ್ತಲಿರುವ ಮನೆಗೆ ಹೋದ ದಿನ ತಿಳಿಸಿ, ಬರ್ನರಿನ ವಿವರ ಕಳುಹಿಸುತ್ತೇನೆ. ಆ ಗುಂಡು ತಳಕ್ಕೆ ಅದಕ್ಕಿಂತ ಒಳ್ಳೆಯ ಒಲೆ ಇನ್ನೊಂದಿಲ್ಲ.

ಮಿಸಿಸಾಗಾ_ಮನೆಯೂಟ

ಬದಿಗೆ ಹಾಕಿಲ್ಲ. ಎಣ್ಣೆ ಸವರಿ ಕಾಗದ ಸುತ್ತಿ ಎತ್ತಿಟ್ಟಿದ್ದೇನೆ. ನಿನ್ನೆ ಕಂತುಗಳ ನಡುವೆ ಒಂದೂವರೆ ನಿಮಿಷ ಸಾಲಲಿಲ್ಲ, ಎರಡು ನಿಮಿಷ ಬಿಟ್ಟಾಗ ಹನಿ ಉರುಳಿತು. ನಾಲ್ಕೂ ಕಂತು ಒಂದೇ ಹದದಲ್ಲಿ ಬಂದವು. ಬಾಣಲೆ ಕಾಯಿಸಿದ್ದೂ ಸೇರಿ 31 ನಿಮಿಷ. ಏಳಕ್ಕೆ ಎಲ್ಲರ ಊಟವೂ ಮುಗಿದಿತ್ತು.