ರೇಸ್ ಕುದುರೆಯಲ್ಲಿ ಪಾಲು ತೆಗೆದುಕೊಳ್ಳಲಾ? ಓಟ ಮುಗಿದ ಮೇಲೆ ಅದರ ಗತಿ ಏನು?

ನಜರ್‌ಬಾದ್ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ನಜರ್‌ಬಾದಿನಲ್ಲೇ ಬೆಳೆದವನು. ಚಿಕ್ಕವನಿದ್ದಾಗ ತಾತ ಬೆಳಿಗ್ಗೆ ವಾಕಿಂಗ್‌ಗೆ ಕರೆದುಕೊಂಡು ಹೋಗಿ ರೇಸ್ ಕೋರ್ಸ್ ಬೇಲಿ ಪಕ್ಕ ನಿಲ್ಲಿಸುತ್ತಿದ್ದರು. ಕುದುರೆ ಕಣ್ಣಿಗೆ ಬೀಳುವ ಮೊದಲೇ ಕಾಲಡಿ ನೆಲ ದಡದಡ ಅನ್ನುತ್ತಿತ್ತು. ಚಳಿಗಾಲದಲ್ಲಿ ಓಡಿ ಬಂದ ಕುದುರೆ ಮೈಯಿಂದ ಹಬೆ ಏಳುತ್ತಿತ್ತು, ಹಿಂದೆ ಚಾಮುಂಡಿ ಬೆಟ್ಟ ಅರ್ಧ ಮಂಜಿನಲ್ಲಿರುತ್ತಿತ್ತು. ತಾತ ಒಂದು ದಿನವೂ ದುಡ್ಡು ಕಟ್ಟಿದವರಲ್ಲ. ಕುದುರೆ ನೋಡಿ, ಕಾಫಿ ಕುಡಿದು, ಮನೆಗೆ ಬರುತ್ತಿದ್ದರು ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಮೂವರು ಸ್ನೇಹಿತರು ಸೇರಿ ಎರಡು ವರ್ಷದ ಒಂದು ಹೆಣ್ಣು ಮರಿ ಕೊಳ್ಳುತ್ತಿದ್ದಾರೆ, ನಾಲ್ಕನೇ ಪಾಲು ನೀನು ತಗೋ ಅಂತ ಹಿಂದೆ ಬಿದ್ದಿದ್ದಾರೆ. ಮನಸ್ಸಿಗೆ ಆಸೆ ಇದೆ, ಸುಳ್ಳು ಹೇಳಲ್ಲ. ಆದರೆ ಸುತ್ತಮುತ್ತ ನೋಡಿದರೆ ಭಯ ಆಗುತ್ತೆ. 2024ರ ಜುಲೈನಲ್ಲಿ ಊಟಿ ರೇಸ್ ಕೋರ್ಸ್ ಜಾಗವನ್ನು ತಮಿಳುನಾಡು ಸರ್ಕಾರ ವಾಪಸ್ ತೆಗೆದುಕೊಂಡಿತು, ಸೆಪ್ಟೆಂಬರ್‌ನಲ್ಲಿ ಚೆನ್ನೈನ ಗಿಂಡಿ ರೇಸ್ ಕೋರ್ಸಿಗೆ ಬೀಗ ಹಾಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಿಂಗಾಪುರದಲ್ಲಿ ಕೊನೆಯ ರೇಸ್ ಓಡಿತು, ಅಲ್ಲಿನ ಕ್ಲಬ್ 1842ರಲ್ಲಿ ಶುರುವಾದದ್ದು. ಬೆಂಗಳೂರಿನಲ್ಲೂ ರೇಸ್ ನಡೆಸುವ ಲೈಸೆನ್ಸ್ ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು. ನಮ್ಮ ಮೈಸೂರಿಗೂ ಇದೇ ಕಾಲ ಬರುತ್ತಾ?

ಇನ್ನೊಂದು ಮಾತು. ನನ್ನ ಹೆಂಡತಿ ಕೇಳಿದಳು, "ದುಡ್ಡು ಹೋದರೆ ಹೋಗಲಿ, ಅದು ಓಡದೇ ಇದ್ದರೆ ಆ ಕುದುರೆನ ಏನು ಮಾಡ್ತೀರಿ?" ಸ್ನೇಹಿತರನ್ನು ಕೇಳಿದೆ. ಒಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಆ ದಿನದಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಟೋಟ್ ಕೌಂಟರ್:

ದುಡ್ಡಿನ ಲೆಕ್ಕ ನಾನು ಹೇಳುತ್ತೇನೆ, ಉಳಿದದ್ದು ಬೇರೆಯವರು ಹೇಳಲಿ. ಇಪ್ಪತ್ತೈದು ವರ್ಷದಿಂದ ರೇಸ್ ನೋಡುತ್ತಿದ್ದೇನೆ. ಮೊದಲೆಲ್ಲ ದಸರಾ ಹೊತ್ತಿಗೆ ಡರ್ಬಿ ಅನ್ನುವ ದೊಡ್ಡ ರೇಸಿನ ದಿನ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಟೋಟ್ ಅಂದರೆ ಎಲ್ಲರ ದುಡ್ಡೂ ಒಂದೇ ಕಡೆ ಬೀಳುತ್ತೆ. ಕ್ಲಬ್ ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತೆ. ಗೆದ್ದ ಕುದುರೆಯ ಮಾಲೀಕನಿಗೆ ಕೊಡುವ ಬಹುಮಾನಕ್ಕೆ ದುಡ್ಡು ಬರುವುದು ಮುಖ್ಯವಾಗಿ ಆ ಪಾಲಿನಿಂದಲೇ. 2017ರಲ್ಲಿ ಜಿಎಸ್‌ಟಿ ಬಂದಾಗ 28% ತೆರಿಗೆಯನ್ನು ಕ್ಲಬ್ಬಿನ ಪಾಲಿನ ಮೇಲೆ ಹಾಕಲಿಲ್ಲ, ನಾವು ಕಟ್ಟಿದ ಪೂರ್ತಿ ದುಡ್ಡಿನ ಮೇಲೆ ಹಾಕಿದರು. 2021ರಲ್ಲಿ ನಮ್ಮ ಹೈಕೋರ್ಟ್ ಇದು ತಪ್ಪು, ಕ್ಲಬ್ಬಿನ ಕಮಿಷನ್ ಮೇಲೆ ಮಾತ್ರ ಹಾಕಿ ಅಂತ ಹೇಳಿತು. ಆಮೇಲೆ ತೆರಿಗೆ ಪೂರ್ತಿ ದುಡ್ಡಿನ ಮೇಲೆಯೇ ಬೀಳುವ ಹಾಗೆ ಕಾನೂನನ್ನೇ ತಿದ್ದಿದರು. 2025ರ ಸೆಪ್ಟೆಂಬರ್ 22ರಿಂದ ಅದು 40% ಆಯಿತು. ಇದರ ಜೊತೆಗೆ ಗೆದ್ದ ದುಡ್ಡು ಹತ್ತು ಸಾವಿರ ದಾಟಿದರೆ 30% ಟಿಡಿಎಸ್ ಬೇರೆ.

ಇಷ್ಟು ಕೊಟ್ಟು ಯಾರು ಕೌಂಟರಿಗೆ ಬರುತ್ತಾರೆ ಹೇಳಿ? ಫೋನಿನಲ್ಲಿ ಕಳ್ಳ ಬುಕ್ಕಿ ಹತ್ತಿರ ಹೋಗುತ್ತಾರೆ. ಅಲ್ಲಿ ತೆರಿಗೆ ಇಲ್ಲ, ಸರ್ಕಾರಕ್ಕೂ ಸೊನ್ನೆ, ಕ್ಲಬ್ಬಿಗೂ ಸೊನ್ನೆ. ಟೋಟ್ ಇಳಿದರೆ ಬಹುಮಾನ ಇಳಿಯುತ್ತೆ, ಬಹುಮಾನ ಇಳಿದರೆ ಹೊಸ ಮಾಲೀಕರು ಬರಲ್ಲ, ಮರಿ ಕೊಳ್ಳುವವರು ಇಲ್ಲ ಅಂದರೆ ಕುದುರೆ ಮರಿ ಹಾಕಿಸುವ ಸ್ಟಡ್ ಫಾರ್ಮ್‌ನವರು ತಾಯಿ ಕುದುರೆಗಳನ್ನು ಕಡಿಮೆ ಮಾಡುತ್ತಾರೆ, ಹೀಗೆ ಒಂದಕ್ಕೊಂದು ಗಂಟು ಹಾಕಿಕೊಂಡಿದೆ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟ, ಜೂಜಲ್ಲ ಅಂತ ಹೇಳಿದ್ದು ನಿಜ. ತೆರಿಗೆ ಹಾಕುವಾಗ ಮಾತ್ರ ಅದನ್ನು ಕ್ಯಾಸಿನೋ ಪಕ್ಕ ಕೂರಿಸಿದ್ದಾರೆ. ಅದೇ ನನಗೆ ಹೊಟ್ಟೆ ಉರಿಯುವುದು.

ನಜರ್‌ಬಾದ್ ಅವರೇ, ಲಾಭ ಬರುತ್ತೆ ಅಂತ ಪಾಲು ತೆಗೆದುಕೊಳ್ಳಬೇಡಿ. ಪೂರ್ತಿ ಹೋದರೂ ಮನೆಗೆ ತೊಂದರೆ ಆಗಲ್ಲ ಅನ್ನುವಷ್ಟು ಮಾತ್ರ ಹಾಕಿ. ತಿಂಗಳ ಖರ್ಚು ಕುದುರೆ ಓಡಿದರೂ ಇದೆ, ಕಾಲು ನೋವು ಅಂತ ನಿಂತರೂ ಇದೆ.

ಮಳವಳ್ಳಿ ರೈತ:

ನನಗೆ ರೇಸ್ ಗೊತ್ತಿಲ್ಲ. ತಳಿ ಗೊತ್ತು. ಮನೆಯಲ್ಲಿ ಹಳ್ಳಿಕಾರ್ ಜೋಡಿ ಇದೆ, ಬಂಡೂರು ಕುರಿ ನಮ್ಮ ತಾಲ್ಲೂಕಿನದ್ದೇ. ಅದಕ್ಕೇ ಒಂದು ಮಾತು ಹೇಳಬೇಕು ಅನ್ನಿಸಿತು.

ನಮ್ಮ ಕಡೆ ಒಂದು ಬೀಜದ ಹೋರಿ ಹೆಸರು ಮಾಡಿತು ಅಂದರೆ ಸುತ್ತ ಹತ್ತೂರಿನವರು ಅದರ ಹತ್ತಿರವೇ ಹಸು ಹೊಡೆದುಕೊಂಡು ಹೋಗುತ್ತಾರೆ. ಮೂರು ತಲೆಮಾರು ಆದ ಮೇಲೆ ನೋಡಿದರೆ ಎಲ್ಲ ಕರುವೂ ಅಣ್ಣತಮ್ಮಂದಿರ ಮಕ್ಕಳು. ಬಂಡೂರು ಕುರಿಯಲ್ಲೂ ಒಂದೇ ಟಗರನ್ನು ಹಿಂಡಿನಲ್ಲಿ ಜಾಸ್ತಿ ವರ್ಷ ಇಟ್ಟುಕೊಂಡರೆ ಮರಿ ಸಣ್ಣದಾಗುತ್ತೆ, ಸಾಯುವುದು ಜಾಸ್ತಿ. ನನ್ನ ಮಂದೆಯಲ್ಲೇ ನೋಡಿದ್ದೇನೆ. ಒಂದು ವರ್ಷ ಆರು ಮರಿ ಕಳೆದುಕೊಂಡ ಮೇಲೆ ಬುದ್ಧಿ ಬಂತು, ದೂರದೂರಿಂದ ಬೇರೆ ಟಗರು ತಂದೆ.

ರೇಸ್ ಕುದುರೆಯಲ್ಲೂ ಇದೇ ಅಲ್ವಾ? ಮೂರೇ ಗಂಡು ಕುದುರೆಯಿಂದ ಬಂದ ವಂಶ ಅಂತ ಓದಿದ್ದೆ. ಗೊತ್ತಿರುವವರು ಹೇಳಿ.

ಪಶುವೈದ್ಯೆ, ಮಂಡ್ಯ:

ಮಳವಳ್ಳಿ ಅಣ್ಣ, ನೀವು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ. ನಾನು ಕೆಲವು ವರ್ಷ ಒಂದು ಸ್ಟಡ್ ಫಾರ್ಮ್‌ನಲ್ಲಿ ಕೆಲಸ ಮಾಡಿದವಳು.

ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ರೇಸ್ ಕುದುರೆಯ ತಳಿಗೆ ಥರೋಬ್ರೆಡ್ ಅಂತಾರೆ, ಇವತ್ತಿನ ಪ್ರತಿ ಥರೋಬ್ರೆಡ್‌ನ ಗಂಡು ವಂಶ ಹಿಂದೆ ಹೋದರೆ ಈ ಮೂರರಲ್ಲಿ ಒಂದಕ್ಕೆ ಸೇರುತ್ತೆ, ಅದರಲ್ಲೂ ಬಹುಪಾಲು ಡಾರ್ಲಿಗೆ. ವಂಶಾವಳಿ ಪುಸ್ತಕ ಇಂಗ್ಲೆಂಡಿನಲ್ಲಿ 1791ರಲ್ಲಿ ಶುರುವಾಯಿತು. ಪುಸ್ತಕದ ಹೊರಗಿನ ರಕ್ತ ಸೇರಿಸುವ ಹಾಗಿಲ್ಲ. ನಿಮ್ಮ ಹಾಗೆ ದೂರದೂರಿನ ಟಗರು ತರಲು ದಾರಿ ಇಲ್ಲ ಅಂತ ಅರ್ಥ. ಕೃತಕ ಗರ್ಭಧಾರಣೆಯೂ ನಿಷೇಧ. ಹಸುವಿಗೆ ವೀರ್ಯದ ಸ್ಟ್ರಾ ತಂದು ಹಾಕಿಸಿದ ಹಾಗೆ ಇಲ್ಲಿ ನಡೆಯಲ್ಲ, ಗಂಡು ಹೆಣ್ಣು ನಿಜವಾಗಿ ಕೂಡಲೇಬೇಕು, ಇಲ್ಲದಿದ್ದರೆ ಮರಿಯನ್ನು ನೋಂದಣಿ ಮಾಡಿಕೊಳ್ಳಲ್ಲ. ನಮ್ಮ ದೇಶದ ನೋಂದಣಿ ಪುಣೆಯಲ್ಲಿ ಆಗುತ್ತೆ. ಅಷ್ಟಾದರೂ ಹೆಸರು ಮಾಡಿದ ಗಂಡು ಕುದುರೆಗೆ ಒಂದೇ ಸೀಸನ್‌ನಲ್ಲಿ ನೂರಾರು ಹೆಣ್ಣು ತರುತ್ತಾರೆ. ಅಮೆರಿಕದಲ್ಲಿ 2020ರಲ್ಲಿ ಒಂದು ಗಂಡಿಗೆ ವರ್ಷಕ್ಕೆ 140 ಸಾಕು ಅಂತ ನಿಯಮ ತಂದರು. ಅಲ್ಲಿನ ದೊಡ್ಡ ಫಾರ್ಮ್‌ನವರು ಜಗಳಕ್ಕೆ ನಿಂತರು, 2022ರಲ್ಲಿ ವಾಪಸ್ ತೆಗೆದುಕೊಂಡರು. ನನ್ನ ಪ್ರಕಾರ ಅದು ದೊಡ್ಡ ತಪ್ಪು.

ಇನ್ನೊಂದು ವಿಷಯ ಜನಕ್ಕೆ ಗೊತ್ತಿಲ್ಲ. ಮರಿ ಯಾವ ತಿಂಗಳು ಹುಟ್ಟಿದರೂ ಜನವರಿ 1ಕ್ಕೆ ಒಂದು ವರ್ಷ ಆಯಿತು ಅಂತ ಲೆಕ್ಕ. ಜನವರಿಯಲ್ಲಿ ಹುಟ್ಟಿದ್ದೂ ಮೇನಲ್ಲಿ ಹುಟ್ಟಿದ್ದೂ ಒಂದೇ ವಯಸ್ಸು, ಒಂದೇ ರೇಸ್. ಗಬ್ಬ 11 ತಿಂಗಳು. ಬೇಗ ಹುಟ್ಟಲಿ ಅಂತ ಹೆಣ್ಣು ಕುದುರೆಯ ಲಾಯದಲ್ಲಿ ರಾತ್ರಿ ಲೈಟ್ ಹಾಕಿ ಹಗಲು ಉದ್ದ ಮಾಡುತ್ತಾರೆ, ಆಗ ಬೆದೆ ಬೇಗ ಬರುತ್ತೆ. ಎಲ್ಲದಕ್ಕೂ ಅವಸರ.

ಕಾಲಿನ ವಿಷಯ ಕೇಳಿ. ಚಿಕ್ಕ ವಯಸ್ಸಿನಲ್ಲಿ ಓಡಿಸಲೇಬಾರದು ಅನ್ನುವುದನ್ನು ನಾನು ಒಪ್ಪಲ್ಲ. ಹಿತವಾಗಿ ಓಡಿಸಿದರೆ ಎಳೆ ಮೂಳೆ ಗಟ್ಟಿಯಾಗುತ್ತೆ. ಕೆಡುವುದು ಬಿಡುವು ಕೊಡದೆ ಓಡಿಸಿದಾಗ. ಮೂಳೆಯಲ್ಲಿ ಕಣ್ಣಿಗೆ ಕಾಣದ ಸೀಳು ಬಂದಿರುತ್ತೆ, ಅದು ಕೂಡುವ ಮೊದಲೇ ಮತ್ತೆ ಓಡಿಸುತ್ತಾರೆ. 450 ಕೆಜಿ ತೂಕ, ಓಡುವಾಗ ಒಂದು ಕ್ಷಣ ಪೂರ್ತಿ ಒಂದೇ ಕಾಲಿನ ಮೇಲೆ ಬೀಳುತ್ತೆ. ಮುಂಗಾಲಿನ ಹಿಂದಿನ ಸ್ನಾಯುರಜ್ಜು (ಟೆಂಡನ್) ಒಮ್ಮೆ ಹರಿದರೆ ವಾಸಿಯಾಗಲು ಒಂಬತ್ತು ತಿಂಗಳಿಂದ ವರ್ಷ ಬೇಕು. ಅಷ್ಟು ದಿನ ಸುಮ್ನೆ ನಿಲ್ಲಿಸಿಕೊಂಡು ಮೇವು ಹಾಕುವ ಮಾಲೀಕರು ಕಡಿಮೆ. ಬಹುಮಾನ ಇಳಿದಷ್ಟೂ ಇನ್ನೂ ಕಡಿಮೆ ಆಗುತ್ತಾರೆ. ಟೋಟ್ ಕೌಂಟರ್ ಅವರು ಹೇಳಿದ ಗಂಟಿನ ಕೊನೆ ಕುದುರೆಯ ಕಾಲಿಗೆ ಬಂದು ನಿಲ್ಲುತ್ತೆ.

ನಜರ್‌ಬಾದ್ ಹುಡುಗ:

ಮೇಡಂ, ತುಂಬಾ ಉಪಕಾರ ಆಯಿತು. ಹಾಗಾದರೆ ಓಡದ ಕುದುರೆ ಎಲ್ಲಿಗೆ ಹೋಗುತ್ತೆ? ಅದನ್ನು ಯಾರೂ ಹೇಳುತ್ತಿಲ್ಲ.

ಹಳೇ ಸೈಸ್:

ಇದನ್ನು ನಾನು ಹೇಳುತ್ತೇನೆ ಸ್ವಾಮಿ. ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ. ಮೈಸೂರಿನಲ್ಲೇ 22 ವರ್ಷ ಲಾಯದಲ್ಲಿ ಕೆಲಸ ಮಾಡಿದ್ದೇನೆ. ನಮ್ಮಪ್ಪನೂ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು. ಅವರ ಕಾಲದಲ್ಲಿ ಹುರುಳಿ ಬೇಯಿಸಿ ಹಾಕುತ್ತಿದ್ದರು, ನನ್ನ ಕಾಲಕ್ಕೆ ಓಟ್ಸ್, ಬೂಸಾ, ಕುದುರೆ ಮಸಾಲೆ ಸೊಪ್ಪು.

ಒಳ್ಳೆ ವಂಶದ ಹೆಣ್ಣು ಆದರೆ ಸ್ಟಡ್ ಫಾರ್ಮ್‌ಗೆ ಹೋಗುತ್ತೆ. ಗೆದ್ದ ಗಂಡಿನಲ್ಲಿ ನೂರಕ್ಕೆ ಒಂದೆರಡು ಹೋದರೆ ಹೆಚ್ಚು. ಶಾಂತ ಸ್ವಭಾವದ್ದು, ಕಾಲು ಚೆನ್ನಾಗಿರುವುದು ಪೊಲೀಸ್ ಅಶ್ವದಳಕ್ಕೋ ಸವಾರಿ ಕಲಿಸುವ ಶಾಲೆಗೋ ಹೋಗುತ್ತೆ. ದಸರಾ ಮೆರವಣಿಗೆಯಲ್ಲಿ ಅಶ್ವದಳ ಬರುತ್ತಲ್ಲ, ಅದರಲ್ಲಿ ನಾನು ಮೈ ತಿಕ್ಕಿದ ಕುದುರೆ ಒಂದು ಇತ್ತು. ಜನರ ಮಧ್ಯೆ ನಿಂತು ಹೆಸರು ಹಿಡಿದು ಕೂಗಿದೆ, ಆ ಬ್ಯಾಂಡ್ ಸದ್ದಿನಲ್ಲೂ ಕಿವಿ ನನ್ನ ಕಡೆ ತಿರುಗಿಸಿತು. ಅವತ್ತು ಅತ್ತುಬಿಟ್ಟೆ.

ಉಳಿದವು ಕೈ ಬದಲಾಗುತ್ತವೆ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಮೂರನೇ ಕೈ ದಾಟಿದ ಮೇಲೆ ಪತ್ತೆ ಇರಲ್ಲ. ನಾನು ನೋಡಿಕೊಂಡ ಒಂದು ಕಂದು ಹೆಣ್ಣು ಕುದುರೆ, ನಾಲ್ಕು ರೇಸ್ ಗೆದ್ದದ್ದು, ಬಲ ಮುಂಗಾಲು ಹೋಯಿತು. ದಿನಾ ಬೆಳಿಗ್ಗೆ ಅಂಗೈ ಹಿಂಭಾಗದಲ್ಲಿ ಆ ಕಾಲು ಮುಟ್ಟಿ ನೋಡುತ್ತಿದ್ದೆ, ಬಿಸಿ ಇದೆಯಾ ಇಲ್ಲವಾ ಅಂತ. ಬಿಸಿ ಇಳಿಯುತ್ತಾ ಬಂದಿತ್ತು. ಇನ್ನೆರಡು ತಿಂಗಳು ಇಟ್ಟಿದ್ದರೆ ಸವಾರಿಗಾದರೂ ಆಗುತ್ತಿತ್ತು. ಒಂದು ದಿನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಲಾಯ ಖಾಲಿ. ಎಲ್ಲಿಗೆ ಕಳಿಸಿದರು ಅಂತ ಮಾಲೀಕರು ಇವತ್ತಿನವರೆಗೆ ಹೇಳಿಲ್ಲ. ಅದರ ಹಣೆಪಟ್ಟಿ ಇನ್ನೂ ನಮ್ಮ ಮನೆಯಲ್ಲಿದೆ.

ಅದಕ್ಕೇ ಹೇಳುತ್ತೇನೆ. ರೇಸ್ ನಿಲ್ಲಲಿ ಅಂತ ನಾನು ಹೇಳಲ್ಲ, ನನ್ನಂಥವರ ಎಷ್ಟೋ ಮನೆ ಅದರಲ್ಲಿ ನಡೆದಿದೆ. ಆದರೆ ನೀವು ನಾಲ್ಕು ಜನ ಪಾಲಿನ ಕಾಗದ ಮಾಡುತ್ತೀರಲ್ಲ, ಅದರಲ್ಲಿ ಬರೆಯಿರಿ. ಗೆದ್ದ ದುಡ್ಡಿನಲ್ಲಿ ಇಷ್ಟು ಪಾಲು ಕುದುರೆಯದ್ದು, ಬೇರೆ ಖಾತೆಯಲ್ಲಿ ಇರಬೇಕು. ನಾಲ್ಕೂ ಜನ ಒಪ್ಪದೆ ಮಾರುವ ಹಾಗಿಲ್ಲ. ಓಟ ನಿಂತ ಮೇಲೆ ಯಾರ ಜಮೀನಿನಲ್ಲಿ ಇರುತ್ತೆ, ಲಾಳ ಕಟ್ಟುವವನಿಗೆ, ಮೇವಿಗೆ ಯಾರು ಕೊಡುತ್ತಾರೆ, ಹೆಸರು ಸಮೇತ ಬರೆಯಿರಿ. ಒಬ್ಬ ಸಹಿ ಹಾಕಲ್ಲ ಅಂದರೆ ಆ ಪಾಲುದಾರಿಕೆ ಬೇಡ.

ಮಳವಳ್ಳಿ ರೈತ:

ಅಣ್ಣ, ಓದಿ ಗಂಟಲು ಕಟ್ಟಿತು. ನಜರ್‌ಬಾದ್ ಅವರೇ, ನಮ್ಮ ತೋಟದ ಪಕ್ಕ ಒಂದೂವರೆ ಎಕರೆ ಬೀಳು ಇದೆ, ಕಾಲುವೆ ನೀರು ಬರುತ್ತೆ. ಕುದುರೆ ಮಸಾಲೆ ಸೊಪ್ಪು ಬೆಳೆದುಕೊಡಬಲ್ಲೆ. ಅದು ಓಡುವುದು ನಿಲ್ಲಿಸಿದ ದಿನ ಮಾತಾಡೋಣ.

ನಜರ್‌ಬಾದ್ ಹುಡುಗ:

ಸ್ನೇಹಿತರಿಗೆ ಇದನ್ನೆಲ್ಲ ತೋರಿಸಿದೆ. ಇಬ್ಬರು ತಕ್ಷಣ ಒಪ್ಪಿದರು, ಒಬ್ಬ ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದಾನೆ. ಅವನು ಒಪ್ಪುವವರೆಗೆ ನಾನು ದುಡ್ಡು ಕೊಡಲ್ಲ. ಹೆಂಡತಿಗೂ ಹಾಗೇ ಹೇಳಿದ್ದೇನೆ.

ಹಳೇ ಸೈಸ್:

ಒಳ್ಳೆಯದು. ಕೊಳ್ಳುವ ಮೊದಲು ಮೇಡಂ ಹತ್ತಿರ ಮಂಡಿಯ ಎಕ್ಸ್‌ರೇ ನೋಡಿಸಿ. ಒಂದು ದಿನ ಬೆಳಿಗ್ಗೆ ನನ್ನನ್ನೂ ಕರೆಯಿರಿ, ಓಡಿ ಬಂದ ಮೇಲೆ ಅದರ ಕಾಲು ಮುಟ್ಟಿ ನೋಡುತ್ತೇನೆ.