ಸ್ವರಕ್ಷಣೆಗೆ ಟೆಲಿಸ್ಕೋಪಿಕ್ ಬ್ಯಾಟನ್: 21 ಇಂಚೋ 26 ಇಂಚೋ? ಲಾಕ್ ಯಾವುದು?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯೋದನ್ನೆಲ್ಲ ಆರು ತಿಂಗಳಿಂದ ಸುಮ್ಮನೆ ಓದ್ತಾ ಇದ್ದೆ, ಕೇಳ್ತಿರೋದು ಇದೇ ಮೊದಲು.

ನಾನು ಲ್ಯಾಬಿನಲ್ಲಿ ರಾತ್ರಿ ಪಾಳಿ ಕೆಲಸ ಮಾಡೋಳು. ಬಿಡೋದು ಎರಡು ಗಂಟೆಗೆ. ಕಟ್ಟಡದ ಬಾಗಿಲಿಂದ ಗಾಡಿ ನಿಲ್ಲಿಸೋ ಜಾಗಕ್ಕೆ ಇನ್ನೂರ ಹತ್ತು ಹೆಜ್ಜೆ, ಎಣಿಸಿದ್ದೀನಿ. ನಡುವೆ ಇರೋ ಒಂದೇ ದೀಪ ಮನಸ್ಸು ಬಂದಾಗ ಉರಿಯುತ್ತೆ. ಹೋದ ತಿಂಗಳು ಒಬ್ಬ ಹಿಂದೆಯೇ ಬಂದ. ನಾನು ನಿಂತರೆ ಅವನೂ ನಿಂತ. ಕೊನೆಗೆ ಏನೂ ಆಗ್ಲಿಲ್ಲ, ಆದ್ರೆ ಅವತ್ತಿಂದ ಕೀಗೊಂಚಲು ಬೆರಳಸಂದಿಯಲ್ಲಿ ಹಿಡ್ಕೊಂಡೇ ನಡೀತೀನಿ.

ನಾನಿರೋ ಕಡೆ ಟೆಲಿಸ್ಕೋಪಿಕ್ ಬ್ಯಾಟನ್, ಅಂದ್ರೆ ಒಂದರೊಳಗೊಂದು ಸೇರಿಕೊಳ್ಳೋ ಕೊಳವೆಗಳ ಲಾಠಿ, ಇಟ್ಕೊಳ್ಳೋಕೆ ಅಡ್ಡಿಯಿಲ್ಲ ಅಂತ ಠಾಣೆಗೇ ಹೋಗಿ ಕೇಳಿಕೊಂಡು ಬಂದಿದ್ದೀನಿ. ಈಗ ತಲೆ ಕೆಟ್ಟಿರೋದು ಯಾವುದನ್ನ ತಗೊಳ್ಳೋದು ಅಂತ. 16, 21, 26 ಇಂಚು ಅಂತಾರೆ. ಬೀಸಿದ್ರೆ ಬಿಗಿಯಾಗೋದು ಒಂದು, ಗುಂಡಿ ಒತ್ತಿ ಮುಚ್ಚೋದು ಇನ್ನೊಂದು. ಉಕ್ಕು, ಅಲ್ಯೂಮಿನಿಯಂ. ಹಿಡಿ ಫೋಮಿಂದೋ ರಬ್ಬರಿಂದೋ. ನನ್ನ ಕೈ ಚಿಕ್ಕದು, ಮಣಿಕಟ್ಟು ಸಣ್ಣ. ಯಾರನ್ನೂ ಹೊಡೆದು ಅಭ್ಯಾಸವಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಕಬ್ಬಿಣಕಡಲೆ:

26 ಇಂಚು, ಉಕ್ಕು. ಮುಗೀತು. ಉದ್ದ ಇದ್ದಷ್ಟೂ ಅವನು ದೂರ.

ಹಳೇಕಾವಲು:

ಮುಗೀಲಿಲ್ಲ ಮಾರಾಯ್ರೇ, ಈಗ ಶುರು.

ಮೇಡಂ, ನಾನು ಹದಿನೇಳು ವರ್ಷ ಸೆಕ್ಯುರಿಟಿ ಸಿಬ್ಬಂದಿಗೆ ಬ್ಯಾಟನ್ ಹೇಳಿಕೊಟ್ಟವನು. ಈಗ ಮೊಣಕೈ ಕೈಕೊಟ್ಟಿದೆ, ಬಾಯಿ ಇನ್ನೂ ಗಟ್ಟಿ. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ತಡ್ಕೊಳ್ಳಿ.

ಡಬ್ಬಿ ಮೇಲೆ ಬರೆದಿರೋದು ಬಿಚ್ಚಿದ ಉದ್ದ. ನೀವು ದಿನಾ ಹೊರಬೇಕಾದದ್ದು ಮುಚ್ಚಿದ ಉದ್ದ. 26 ಇಂಚಿನದು ಮುಚ್ಚಿದಾಗ ಹತ್ತಿರ ಹತ್ತಿರ ಹತ್ತು ಇಂಚು. ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯಲ್ಲಿ ಕೂತರೆ ಪಕ್ಕೆಲುಬಿಗೆ ಚುಚ್ಚುತ್ತೆ. ನಾಲ್ಕು ದಿನ ಚುಚ್ಚಿಸಿಕೊಂಡು ಐದನೇ ದಿನ ಬ್ಯಾಗಿಗೆ ಹಾಕ್ತೀರಿ. ಬ್ಯಾಗಿನ ತಳದಲ್ಲಿ, ಛತ್ರಿಯ ಕೆಳಗೆ ಮಲಗಿರೋ ಬ್ಯಾಟನ್ ಮನೆಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 16 ಇಂಚಿನದು ಜೇಬಿಗೆ ಹಿಡಿಸುತ್ತೆ ನಿಜ, ಆದರೆ ಬಿಚ್ಚಿದರೂ ಎದುರಿನವನು ನಿಮ್ಮ ತೋಳು ಹಿಡಿಯುವಷ್ಟು ಹತ್ತಿರ ಬಂದಿರ್ತಾನೆ. 21 ಮುಚ್ಚಿದರೆ ಎಂಟು ಇಂಚಿನ ಆಸುಪಾಸು, ಉಕ್ಕಿನದಾದರೆ ತೂಕ ಸುಮಾರು 450 ಗ್ರಾಂ. ನನ್ನ ಮಾತು ಕೇಳೋದಾದರೆ ನಿಮಗೆ 21.

ಇನ್ನು ಲಾಕ್. ಇದನ್ನ ಅರ್ಥ ಮಾಡಿಕೊಳ್ಳದೆ ಕೊಳ್ಳೋರೇ ಹೆಚ್ಚು. ಬೀಸಿ ಬಿಚ್ಚೋ ಥರದ್ದಕ್ಕೆ ಫ್ರಿಕ್ಷನ್ ಲಾಕ್ ಅಂತಾರೆ. ಒಳಗೆ ಮೂರು ಕೊಳವೆ, ಒಂದೊಂದರ ಬಾಯಿಯೂ ಒಂಚೂರು ಓರೆ. ಬೀಸಿದ ರಭಸಕ್ಕೆ ಒಳಗಿನದರ ದಪ್ಪ ತುದಿ ಹೊರಗಿನದರ ಕಿರಿದಾದ ಬಾಯಲ್ಲಿ ಬೆಣೆಯ ಹಾಗೆ ಕಚ್ಚಿಕೊಳ್ಳುತ್ತೆ. ಅದನ್ನ ಹಿಡಿದಿಡೋಕೆ ಪಿನ್ನಿಲ್ಲ, ಸ್ಪ್ರಿಂಗಿಲ್ಲ, ಉಕ್ಕು ಉಕ್ಕನ್ನ ಹಿಡ್ಕೊಂಡಿರೋದಷ್ಟೇ. ಮುಚ್ಚಬೇಕಾದರೆ ತುದಿಯನ್ನ ಗಟ್ಟಿ ನೆಲಕ್ಕೆ ನೆಟ್ಟಗೆ ಕುಟ್ಟಬೇಕು. ಅರೆಮನಸ್ಸಿನಿಂದ ಬೀಸಿದರೆ ಅರೆಬರೆ ಕಚ್ಚುತ್ತೆ, ತುದಿಯಿಂದ ತಿವಿದರೆ ಕುಸಿದು ಕೈಗೇ ವಾಪಸ್ ಬರುತ್ತೆ. ಹೀಗಾಗಿ ಇದರಲ್ಲಿ ತಿವಿಯೋ ಯೋಚನೆಯೇ ಬೇಡ.

ನನ್ನದೇ ಒಂದು ಪೆದ್ದತನ ಹೇಳ್ತೀನಿ. ಮೊದಲ ವರ್ಷ, ಬ್ಯಾಟನ್ ಸ್ವಲ್ಪ ಬಿಗಿ ಅನ್ನಿಸ್ತು ಅಂತ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಜಾರೋದು ನೋಡಿ ಖುಷಿಯೋ ಖುಷಿ. ಮಾರನೇ ದಿನ ಹುಡುಗರೆದುರು ಹಳೇ ಟೈರಿಗೆ ಒಂದು ಬಿಟ್ಟೆ ನೋಡಿ, ಬ್ಯಾಟನ್ ಕೊಡೆ ಮುಚ್ಚಿದ ಹಾಗೆ ಮುಚ್ಕೊಂಡು ಮುಷ್ಟಿಯಷ್ಟೇ ಉಳೀತು. ಹಿಡಿದಿಡೋದೇ ಘರ್ಷಣೆ, ಅದಕ್ಕೆ ಎಣ್ಣೆ ಬಿಟ್ಟರೆ ಇನ್ನೇನಾಗುತ್ತೆ? ಒಣ ಬಟ್ಟೆಯಲ್ಲಿ ಒರೆಸಿ, ಸಾಕು. ಮಳೆಯಲ್ಲಿ ನೆನೆದರೆ ಬಿಚ್ಚಿಟ್ಟು ಒಣಗಿಸಿ.

ಅಗ್ಗದ ಮಾಲಿನ ಕಥೆ ಬೇರೆ. ತುದಿಯ ಗುಂಡು ತಿರುಪಿನಲ್ಲಿ ಕೂತಿರುತ್ತೆ. ಒಬ್ಬ ಹುಡುಗ ತಂದಿದ್ದ ಹೆಸರಿಲ್ಲದ ಬ್ಯಾಟನ್ನಿನದು ಮೂರನೇ ಬೀಸಿಗೇ ಹಾರಿ ಟ್ಯೂಬ್‌ಲೈಟಿಗೆ ಬಡೀತು. ಚೂರೆಲ್ಲ ಅವನ ತಲೆ ಮೇಲೇ. ಅಂಗಡಿಯಲ್ಲೇ ಬಿಚ್ಚಿ ನೋಡಿ. ತುದಿಯನ್ನ ಬೆರಳಲ್ಲಿ ತಿರುಗಿಸಿದರೆ ಕದಲಬಾರದು. ಬಿಚ್ಚಿದ ಮೇಲೆ ಅಡ್ಡಡ್ಡ ಅಲ್ಲಾಡಿಸಿದರೆ ಕೀಲಿನಲ್ಲಿ ಲೊಡಲೊಡ ಅನ್ನಬಾರದು. ಮುಚ್ಚಿ ತುದಿ ಕೆಳಗೆ ಮಾಡಿ ಕುಲುಕಿದರೆ ತಾನಾಗಿ ಜಾರಿ ಬರಬಾರದು. ಏಎಸ್‌ಪಿಯಂಥ ಹಳೇ ತಯಾರಕರು 4140 ಉಕ್ಕು, 7075 ಅಲ್ಯೂಮಿನಿಯಂ ಅಂತ ಲೋಹದ ದರ್ಜೆ ಹೇಳ್ತಾರೆ. ಬರೀ "ಹೈ ಕ್ವಾಲಿಟಿ ಮೆಟಲ್" ಅಂತ ಬರೆದಿದ್ದರೆ ಕೆಳಗಿಟ್ಟು ಬನ್ನಿ.

ಉಕ್ಕೋ ಅಲ್ಯೂಮಿನಿಯಮ್ಮೋ ಅನ್ನೋದನ್ನ ನಿಮ್ಮ ಮಣಿಕಟ್ಟನ್ನೇ ಕೇಳಿ. ಬಿಚ್ಚಿ ಹಿಡಿದು ಗಾಳಿಯಲ್ಲಿ ಇಪ್ಪತ್ತು ಸಲ ಇಂಗ್ಲಿಷ್ ಎಂಟು ಬರೆಯಿರಿ. ಹದಿನೈದಕ್ಕೇ ಕೈ ನಡುಗಿದರೆ ಅಲ್ಯೂಮಿನಿಯಂ. ಹಗುರ, ಬೇಗ ತಿರುಗುತ್ತೆ, ಪೆಟ್ಟಿನ ಭಾರ ಕಮ್ಮಿ. ಫೋಮ್ ಹಿಡಿ ಬೆವರಿಗೆ ಒಳ್ಳೇದು, ಆದರೆ ಹರಿಯುತ್ತೆ. ಅಂಟು ಬಿಟ್ಟರಂತೂ ಹಿಡಿಯೇ ಗರಗರ ತಿರುಗುತ್ತೆ. ನನಗೆ ರಬ್ಬರೇ ಇಷ್ಟ.

ಕೊನೇದಾಗಿ, ತಲೆ, ಕತ್ತು, ಬೆನ್ನುಮೂಳೆ ಈ ಮೂರರ ತಂಟೆಗೆ ಹೋಗಬಾರದು. ಅಲ್ಲಿ ಬಿದ್ದ ಪೆಟ್ಟಿಗೆ ಜೀವವೇ ಹೋಗಬಹುದು. ಬೇರೆ ದಾರಿಯೇ ಇಲ್ಲದಾಗ ಕೈಕಾಲು, ಅದೂ ತಪ್ಪಿಸಿಕೊಂಡು ಓಡೋಕೆ ಬೇಕಾದಷ್ಟೇ. ಎಲ್ಲಾದರೂ ತರಗತಿ ಸಿಕ್ಕರೆ ಸೇರಿ. ಮೆತ್ತೆ ಸುತ್ತಿದ ಅಭ್ಯಾಸದ ಕೋಲು ಕೊಡ್ತಾರೆ. ಮುಖ್ಯವಾಗಿ ಕಲಿಯಬೇಕಾದ್ದು ನಿಮ್ಮ ಬ್ಯಾಟನ್ನನ್ನ ಇನ್ನೊಬ್ಬ ಕಿತ್ತುಕೊಳ್ಳದ ಹಾಗೆ ಹಿಡಿಯೋದು. ಕಲಿಯೋಕೆ ಪುರುಸೊತ್ತಿಲ್ಲ ಅಂದ್ರೆ ಕೊಳ್ಳಲೇಬೇಡಿ. ಬೇಜಾರಾದರೂ ಪರವಾಗಿಲ್ಲ, ಹೇಳಿಬಿಟ್ಟೆ.

ಕರಿಕೋಟು:

ಹಳೇಕಾವಲು ಅವರು ಕಬ್ಬಿಣದ ಕಡೆಯದ್ದು ಹೇಳಿದ್ದಾರೆ. ನಾನು ಕಾಗದದ ಕಡೆಯದ್ದನ್ನು ಹೇಳುತ್ತೇನೆ.

ಮೇಡಂ, ಠಾಣೆಯಲ್ಲಿ ಕೇಳಿದ್ದು ಒಳ್ಳೆಯದೇ. ಆದರೆ ಬಾಯಿಮಾತಿಗೆ ಸಾಕ್ಷಿ ಇಲ್ಲ. ನಿಯಮ ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಒಂದು ಕಡೆ ಸಲ್ಲುವುದು ಗಡಿ ದಾಟಿದರೆ ಸಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ 2021ರಿಂದ ಇಂಥ ಬ್ಯಾಟನ್ ಮನೆಯೊಳಗೆ ಇಟ್ಟುಕೊಂಡಿದ್ದರೂ ಅಪರಾಧ. ಜರ್ಮನಿಯಲ್ಲಿ ವಯಸ್ಕರು ಕೊಂಡು ಮನೆಯಲ್ಲಿಡಬಹುದು, ಆದರೆ ಸಕಾರಣವಿಲ್ಲದೆ ಹೊರಗೆ ಹಿಡಿದು ಓಡಾಡುವಂತಿಲ್ಲ. ಕೊಳವೆಯ ಬದಲು ಸ್ಪ್ರಿಂಗ್ ಸುರುಳಿಯೇ ಚಾವಟಿಯಂತೆ ಹೊರಬರುವ ಒಂದು ಜಾತಿ ಇದೆ. ಅದು ಜರ್ಮನಿಯಲ್ಲೂ ಕೆನಡಾದಲ್ಲೂ ಪೂರ್ತಿ ನಿಷಿದ್ಧ. ಆನ್‌ಲೈನಿನಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವುದುಂಟು, ಚಿತ್ರ ನೋಡಿ ಮೋಸಹೋಗಬೇಡಿ. ವಿಮಾನದಲ್ಲಿ ಕೈಚೀಲಕ್ಕಂತೂ ಹಾಕಲೇಬೇಡಿ.

ಇನ್ನೊಂದು ಮಾತು. ನೀವು ಕೆಲಸ ಮಾಡುವ ಕಟ್ಟಡದೊಳಗೆ ಅದಕ್ಕೆ ಅನುಮತಿ ಇದೆಯೇ? ರಸ್ತೆಯಲ್ಲಿ ತಪ್ಪಲ್ಲದ್ದು ಕಚೇರಿಯ ನಿಯಮದಲ್ಲಿ ತಪ್ಪಾಗಬಹುದು, ಕೆಲಸಕ್ಕೇ ಸಂಚಕಾರ ಬರಬಹುದು. ಮೊದಲು ಅದನ್ನು ವಿಚಾರಿಸಿ.

ಆತ್ಮರಕ್ಷಣೆ ಎಂದು ಎಲ್ಲೇ ವಾದ ಮಾಡಿದರೂ ಸಾಮಾನ್ಯವಾಗಿ ಎರಡು ಪ್ರಶ್ನೆ ಏಳುತ್ತವೆ. ಆ ಗಳಿಗೆಯಲ್ಲಿ ಬಲ ಬಳಸುವುದು ಅನಿವಾರ್ಯವಾಗಿತ್ತೇ? ಬಳಸಿದ ಬಲ ಅಪಾಯಕ್ಕೆ ತಕ್ಕಷ್ಟೇ ಇತ್ತೇ? ಅವನು ತಿರುಗಿ ಓಡುತ್ತಿರುವಾಗ ಬೀಸಿದ ಪೆಟ್ಟು ರಕ್ಷಣೆಯ ಲೆಕ್ಕಕ್ಕೆ ಬರುವುದು ಕಷ್ಟ. ವಾಗ್ವಾದದಲ್ಲಿ ಹೆದರಿಸಲೆಂದು ಟಕ್ ಎನ್ನಿಸಿ ಬಿಚ್ಚಿದರೂ ನಿಮ್ಮ ಮೇಲೆಯೇ ದೂರಾಗಬಹುದು. ಪೊಲೀಸರು ಬಂದಾಗ ಅದು ನಿಮ್ಮ ಕೈಯಲ್ಲಿರಬಾರದು. ನೆಲಕ್ಕೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಾಣುವಂತೆ ನಿಲ್ಲಿ. ಯಾರು ಯಾರ ಮೇಲೆ ಬಿದ್ದರು ಎಂಬುದು ಆ ಕತ್ತಲಲ್ಲಿ ಅವರಿಗೆ ಹೇಗೆ ಗೊತ್ತಾಗಬೇಕು?

ಗುಂಡಿಪರ:

ಹಳೇಕಾವಲು ಸರ್, ಗುಂಡಿ ಲಾಕಿಗೆ ಒಂದು ಸಾಲೂ ಕೊಡದೆ ತಪ್ಪಿಸಿಕೊಂಡ್ರಲ್ಲ! ನಾನು ಅದನ್ನೇ ನಾಲ್ಕು ವರ್ಷದಿಂದ ಇಟ್ಕೊಂಡಿದ್ದೀನಿ. ಮೆಲ್ಲಗೆ ಎಳೆದರೂ ಕೂರುತ್ತೆ, ಬೀಸಿ ಸದ್ದು ಮಾಡಬೇಕಿಲ್ಲ. ತುದಿಯಿಂದ ಒತ್ತಿದರೂ ಕುಸಿಯಲ್ಲ. ಮುಚ್ಚೋಕೆ ಹಿಂಭಾಗದ ಗುಂಡಿ ಒತ್ತಿ ಒಳಗೆ ತಳ್ಳಿದರೆ ಆಯ್ತು, ನೆಲ ಹುಡುಕೋದು ಬೇಡ. ಮಣ್ಣು, ಹುಲ್ಲು, ಕಾರ್ಪೆಟ್ಟಿನ ಮೇಲೆ ನಿಂತು ಫ್ರಿಕ್ಷನ್ ಲಾಕ್ ಮುಚ್ಚಿ ನೋಡಿ ಒಂದ್ಸಲ.

ಹಳೇಕಾವಲು:

ಒಪ್ಪಿದೆ, ನಿಮ್ಮ ಮಾತಲ್ಲಿ ಸುಳ್ಳಿಲ್ಲ. ತಪ್ಪಿಸಿಕೊಂಡದ್ದು ಟೈಪ್ ಮಾಡಿ ಮೊಣಕೈ ನೋವಾಗಿ! ನನಗಿರೋ ಪುಕ್ಕಲು ಒಂದೇ, ಅದರೊಳಗೆ ಸಣ್ಣ ಸಣ್ಣ ಭಾಗ ಜಾಸ್ತಿ. ಬ್ಯಾಗಿನ ಧೂಳು, ಬಟ್ಟೆಯ ನೂಲು ಹೊಕ್ಕರೆ ಗುಂಡಿ ಸಿಕ್ಕಿಕೊಳ್ಳುತ್ತೆ. ಒಳಗೆ ಏನು ಕೆಟ್ಟಿದೆ ಅಂತ ಹೊರಗಿಂದ ಕಾಣಲ್ಲ. ತಿಂಗಳಿಗೊಮ್ಮೆ ಬಿಚ್ಚಿ ಮುಚ್ಚಿ ನೋಡೋರಿಗೆ ಚಿಂತೆಯಿಲ್ಲ. ಒಳ್ಳೇ ಗುಂಡಿ ಲಾಕಿಗೆ ದುಡ್ಡೂ ಹೆಚ್ಚು. ಅಷ್ಟು ದುಡ್ಡಿಲ್ಲ ಅಂದ್ರೆ ಅಗ್ಗದ ಗುಂಡಿ ಲಾಕ್ ಕೊಳ್ಳೋದಕ್ಕಿಂತ ಒಳ್ಳೇ ಫ್ರಿಕ್ಷನ್ ಲಾಕ್ ಮೇಲು.

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆದ ಮೇಲೆ ಬಂದೆ, ಬೈಕೋಬೇಡಿ.

ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿದೆ. ಹಳೇ ಪೇಪರನ್ನ ಬಿಗಿಯಾಗಿ ಸುರುಳಿ ಸುತ್ತಿ, ಟೇಪ್ ಹಾಕಿ, ಒಂದನ್ನ ಎಂಟು ಇಂಚಿಗೆ, ಇನ್ನೊಂದನ್ನ ಹತ್ತು ಇಂಚಿಗೆ ಕತ್ತರಿಸಿದೆ. ಎರಡು ಪಾಳಿ ಅದು, ಎರಡು ಪಾಳಿ ಇದು, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಹತ್ತು ಇಂಚಿಂದು ಕೋಟಿನ ಕೆಳಗೆ ಎದ್ದು ಕಾಣ್ತು, ಎರಡು ಸಲ ಕುರ್ಚಿಯ ಕೈಗೆ ಸಿಕ್ಕಿಕೊಳ್ತು. ಎಂಟರದ್ದು ಇದೆ ಅನ್ನೋದೇ ಮರೆತುಹೋಯ್ತು. ಕಬ್ಬಿಣಕಡಲೆ ಅವರೇ, ಸಾರಿ.

ಕಚೇರಿಯಲ್ಲಿ ಕೇಳಿದೆ. ಒಳಗೆ ತರಬಾರದು, ಗೇಟಿನ ಲಾಕರಿನಲ್ಲಿ ಇಟ್ಟು ಹೋಗುವಾಗ ತಗೋಬಹುದು ಅಂದ್ರು. ಕೇಳಿದ್ದಕ್ಕೆ ಇನ್ನೊಂದು ಲಾಭವೂ ಆಯ್ತು, ಯಾಕೆ ಬೇಕು ಅಂತ ಕಾರಣ ಬರೆದು ಕೊಡಬೇಕಾಗಿ ಬಂದು ಆ ದೀಪ ಕೊನೆಗೂ ರಿಪೇರಿ ಆಯ್ತು. ಭಾನುವಾರದ ತರಗತಿಗೂ ಸೇರಿದ್ದೀನಿ. ಮೊದಲ ದಿನ ಪೂರ್ತಿ ಬರೀ ಹಿಂದೆ ಸರಿಯೋದು, ಜೋರಾಗಿ ಕೂಗೋದು ಅಷ್ಟೇ ಕಲಿಸಿದ್ರು. ಕೂಗೋಕೆ ಅಷ್ಟು ನಾಚಿಕೆ ಆಗುತ್ತೆ ಅಂತ ಗೊತ್ತಿರಲಿಲ್ಲ.

21 ಇಂಚು ಫ್ರಿಕ್ಷನ್ ಲಾಕ್, ಉಕ್ಕು, ರಬ್ಬರ್ ಹಿಡಿ ತಗೊಂಡೆ. ಇಪ್ಪತ್ತು ಎಂಟು ಬರೆದೆ ಸರ್, ಹದಿನೆಂಟಕ್ಕೆ ನಡುಗ್ತು, ಪಾಸ್ ಅಂದ್ಕೊಂಡೆ. ಒಂದೇ ತೊಂದರೆ. ಹೊಸದ್ರಲ್ಲಿ ಸರಿಯಿತ್ತು, ಈಗ ತುದಿ ಕೆಳಗೆ ಮಾಡಿದರೆ ತಾನೇ ಜಾರಿ ಬರುತ್ತೆ. ಮೊನ್ನೆ ಮೆಟ್ಟಿಲಿಳಿಯುವಾಗ ಕೈಯಲ್ಲೇ ಬಿಚ್ಕೊಳ್ತು. ಕೆಟ್ಟೋಯ್ತಾ?

ಹಳೇಕಾವಲು:

ಕೆಟ್ಟಿಲ್ಲ. ಹಿಂಭಾಗದ ಮುಚ್ಚಳ ತಿರುಗಿಸಿ ತೆಗೀರಿ. ಅದರ ಮೇಲೆ ಎರಡು ಕಾಲಿನ ಪುಟ್ಟ ಸ್ಪ್ರಿಂಗ್ ಕ್ಲಿಪ್ ಇರುತ್ತೆ. ಬ್ಯಾಟನ್ ಮುಚ್ಚಿದಾಗ ಅದು ಒಳಗೊಳವೆಯ ಹೊಟ್ಟೆಯೊಳಗೆ ಹೊಕ್ಕು ಗೋಡೆಗೆ ಒತ್ತಿ ಹಿಡಿಯುತ್ತೆ. ಪದೇ ಪದೇ ಬಿಚ್ಚಿ ಮುಚ್ಚಿ ಅದರ ಕಾಲು ಕುಗ್ಗಿರುತ್ತೆ, ಅಷ್ಟೇ. ಎರಡೂ ಕಾಲನ್ನ ಬೆರಳಲ್ಲೇ ಒಂದು ಕೂದಲೆಳೆಯಷ್ಟು ಅಗಲಿಸಿ, ಮುಚ್ಚಳ ಹಾಕಿ, ತುದಿ ಕೆಳಗೆ ಮಾಡಿ ಕುಲುಕಿ ನೋಡಿ. ಜಾರಿದರೆ ಇನ್ನೊಂದು ಕೂದಲೆಳೆ. ಒಂದೇ ಸಲ ಜಾಸ್ತಿ ಅಗಲಿಸಿದ್ರೋ, ಆಮೇಲೆ ಎಷ್ಟು ಬೀಸಿದರೂ ಬಿಚ್ಚಲ್ಲ.

ಮುಚ್ಚುವಾಗ ಎಲ್ಲಿ ಕುಟ್ತಾ ಇದ್ದೀರಿ?

ರಾತ್ರಿಪಾಳಿ:

ಕ್ಲಿಪ್ ಸರಿಹೋಯ್ತು ಸರ್, ಎರಡನೇ ಸಲಕ್ಕೇ.

ಕುಟ್ಟಿದ್ದು ಮನೆ ಹಜಾರದಲ್ಲಿ. ಎರಡು ಟೈಲ್ಸ್ ಬಿರುಕು ಬಿಟ್ಟಿವೆ, ಅಮ್ಮನಿಗೆ ಇನ್ನೂ ಹೇಳಿಲ್ಲ, ಮೇಲೆ ಕಾಲೊರಸು ಹಾಕಿದ್ದೀನಿ.

ಹಳೇಕಾವಲು:

ಅಯ್ಯೋ. ಟೈಲ್ಸ್ ಮೇಲೆ ಬೇಡ, ಹೊರಗೆ ಸಿಮೆಂಟ್ ನೆಲಕ್ಕೆ ಕುಟ್ಟಿ ಅಂತ ಹೇಳೋದೇ ಮರೆತೆ ನಾನು. ಕ್ಷಮಿಸಿ ಮೇಡಂ, ಅಮ್ಮನ ಹತ್ತಿರ ನನ್ನ ಹೆಸರೇ ಹೇಳಿ.