ಮೂರು ಕೊಕ್ಕೆಯ ಹಗ್ಗದ ಯಂತ್ರ: ಹೊಸೆದ ಹಗ್ಗ ಬಿಚ್ಚಿಕೊಳ್ಳುತ್ತಿದೆ, ಯಾಕೆ?

ಮರಗೆಲಸ ಕಲಿಕೆ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಬಿಡುವು ಸಿಕ್ಕಾಗಲೆಲ್ಲ ಕೂತು, ಕೈಯಲ್ಲಿ ತಿರುಗಿಸುವ ಹಗ್ಗದ ಯಂತ್ರವೊಂದನ್ನು ಮಾಡಿದ್ದೇನೆ. ಯಂತ್ರ ಚೆನ್ನಾಗಿ ತಿರುಗುತ್ತದೆ. ಆದರೆ ಹಗ್ಗ ಮಾತ್ರ ಹಗ್ಗವಾಗುತ್ತಿಲ್ಲ.

ಯಂತ್ರ ಹೀಗಿದೆ. 18 ಮಿ.ಮೀ. ಪ್ಲೈವುಡ್‌ನ ಎರಡು ಹಲಗೆ. ನಡುವೆ 60 ಹಲ್ಲಿನ ಒಂದು ದೊಡ್ಡ ಗೇರ್. ಅದರ ಸುತ್ತ 20 ಹಲ್ಲಿನ ಮೂರು ಚಿಕ್ಕ ಗೇರ್. ಚಿಕ್ಕ ಗೇರ್‌ಗಳ ಸರಳು ಮುಂದಿನ ಹಲಗೆ ದಾಟಿ ಹೊರಬಂದು ಕೊಕ್ಕೆಯಾಗಿ ಬಾಗಿದೆ. ಹಿಡಿ ಇರುವುದು ಹಿಂದೆ, ದೊಡ್ಡ ಗೇರ್‌ಗೆ. ಹಿಡಿ ಒಂದು ಸುತ್ತು ಹೋದರೆ ಪ್ರತಿ ಕೊಕ್ಕೆ ಮೂರು ಸುತ್ತು ತಿರುಗುತ್ತದೆ.

ನಾರನ್ನು ಒಂದೇ ಸಲ ತಿರುಚಿ ಮಾಡಿದ ಸೆಣಬಿನ ಹುರಿ ತಂದಿದ್ದೇನೆ, ಸುಮಾರು 2 ಮಿ.ಮೀ. ದಪ್ಪ. ಪ್ರತಿ ಕೊಕ್ಕೆಗೆ ನಾಲ್ಕು ಹುರಿ, ನಾಲ್ಕೂ ಸೇರಿ ಒಂದು ಎಳೆ. ಉದ್ದ 9 ಮೀಟರ್. ಆ ತುದಿಯಲ್ಲಿ ಹನ್ನೆರಡೂ ಹುರಿ ಒಂದೇ ಕೊಕ್ಕೆಗೆ ಸೇರುತ್ತವೆ. ಅದನ್ನು ನನ್ನ ತಮ್ಮ ಹಿಡಿದುಕೊಂಡು ತಿರುಗಿಸುತ್ತಾನೆ.

ಎಳೆಗಳ ತಿರುವಿಗೆ ಹಗ್ಗದ ತಿರುವು ವಿರುದ್ಧ ಇರಬೇಕು ಅಂತ ಓದಿದ್ದೆ. ಹಾಗಾಗಿ ನಾನು ಹಿಡಿಯನ್ನು ಬಲಕ್ಕೆ, ಗಡಿಯಾರದ ಮುಳ್ಳಿನಂತೆ ತಿರುಗಿಸಿದೆ. ತಮ್ಮನಿಗೆ ಎಡಕ್ಕೆ ತಿರುಗಿಸಲು ಹೇಳಿದೆ. ಎಳೆದು ಹಿಡಿದಿರುವಷ್ಟು ಹೊತ್ತು ನೋಡಲು ಹಗ್ಗದಂತೆಯೇ ಇರುತ್ತದೆ. ಕೊಕ್ಕೆಯಿಂದ ತೆಗೆದ ಕೂಡಲೇ ಸರ್ರನೆ ಬಿಚ್ಚಿಕೊಂಡು ಮೂರೂ ಎಳೆ ಬೇರೆಯಾಗುತ್ತವೆ. ಅಲ್ಲಲ್ಲಿ ಹುರಿ ತನಗೆ ತಾನೇ ಸುತ್ತಿಕೊಂಡು ಕುಣಿಕೆಯಂತೆ ಎದ್ದು ನಿಲ್ಲುತ್ತದೆ. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಹೀಗೇ. ಮಗಳಿಗೆ ಉಯ್ಯಾಲೆ ಕಟ್ಟಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಎಲ್ಲಿ ತಪ್ಪಾಗಿದೆ?

ಗೇರ್‌ಪ್ರಿಯ:

ಗೇರ್‌ಗಳನ್ನು ಒಂದೇ ಸಾಲಿನಲ್ಲಿ ಒಂದಕ್ಕೊಂದು ಕಚ್ಚಿಸಿದ್ದರೆ ಮಧ್ಯದ ಕೊಕ್ಕೆ ಉಳಿದೆರಡಕ್ಕೆ ಉಲ್ಟಾ ತಿರುಗುತ್ತದೆ. ಮೊದಲ ಸಲ ಮಾಡುವವರಲ್ಲಿ ಈ ತಪ್ಪು ಜಾಸ್ತಿ. ನಿಮ್ಮದರಲ್ಲಿ ಮೂರೂ ಒಂದೇ ದೊಡ್ಡ ಗೇರ್‌ನ ಸುತ್ತ ಇವೆ, ಹಾಗಾಗಿ ಮೂರೂ ಒಂದೇ ಕಡೆಗೆ ತಿರುಗುತ್ತವೆ. ಅಲ್ಲಿ ತೊಂದರೆ ಇಲ್ಲ.

ಎಳೆಗಳ ನಡುವೆ ಏನು ಇಟ್ಟಿದ್ದೀರಿ? ಮೂರು ಗೀರಿನ ಮರದ ತುಂಡು ಇದೆಯಾ?

ಮರಗೆಲಸ ಕಲಿಕೆ:

ಇದೆ. ಬುಗುರಿಯಂತೆ ಕೊರೆದು ಸುತ್ತ ಮೂರು ಗೀರು ಮಾಡಿದ್ದೇನೆ. ಆದರೆ ಅದನ್ನು ಮುಂದಕ್ಕೆ ತಳ್ಳಬೇಕಾ, ಹಿಂದಕ್ಕೆ ಎಳೆಯಬೇಕಾ ಅಂತ ಗೊತ್ತಾಗದೆ ಸುಮ್ನೆ ಮಧ್ಯದಲ್ಲಿ ಹಿಡಿದುಕೊಂಡಿದ್ದೆ.

ಹಳೆ ಫಿಟ್ಟರ್:

ನಾನು ಹಗ್ಗದ ಕಾರ್ಖಾನೆಯೊಂದರಲ್ಲಿ 22 ವರ್ಷ ಫಿಟ್ಟರ್ ಆಗಿದ್ದವನು. ನಿಮ್ಮ ಯಂತ್ರದಲ್ಲಿ ದೋಷ ಇಲ್ಲ. ದಿಕ್ಕಿನಲ್ಲಿ ಇದೆ.

ಮೊದಲು ಒಂದು ಕೆಲಸ ಮಾಡಿ. ನೀವು ತಂದ ಹುರಿಯ ತುಂಡೊಂದನ್ನು ಕಣ್ಣೆದುರು ನೆಟ್ಟಗೆ ಹಿಡಿದು ನೋಡಿ. ನಾರಿನ ಗೆರೆಗಳು ಕೆಳಗೆ ಎಡದಿಂದ ಮೇಲೆ ಬಲಕ್ಕೆ ಏರಿದ್ದರೆ ಅದು ಬಲಮುರಿ. ಮೇಲೆ ಎಡಕ್ಕೆ ಏರಿದ್ದರೆ ಎಡಮುರಿ. ತಲೆಕೆಳಗು ಮಾಡಿ ನೋಡಿದರೂ ಅದು ಬದಲಾಗುವುದಿಲ್ಲ. ನಿಮ್ಮದು ಬಲಮುರಿ ಇರಬೇಕು ಅಂತ ನನ್ನ ಊಹೆ, ನೋಡಿ ಹೇಳಿ. ಹಗ್ಗದಲ್ಲಿ ಪ್ರತಿ ಹಂತದಲ್ಲೂ ತಿರುವು ಬದಲಾಗಬೇಕು. ಹುರಿ ಬಲಮುರಿಯಾದರೆ ಎಳೆ ಎಡಮುರಿ, ಹಗ್ಗ ಮತ್ತೆ ಬಲಮುರಿ. ಎಳೆ ಬಿಚ್ಚಿಕೊಳ್ಳಲು ನೋಡುತ್ತದೆ, ಹಗ್ಗವೂ ಬಿಚ್ಚಿಕೊಳ್ಳಲು ನೋಡುತ್ತದೆ. ಆದರೆ ಒಂದು ಬಿಚ್ಚಿಕೊಂಡರೆ ಇನ್ನೊಂದು ಬಿಗಿಯಬೇಕಾಗುತ್ತದೆ. ಹಾಗಾಗಿ ಎರಡೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಹಗ್ಗದೊಳಗೆ ಅಂಟೂ ಇಲ್ಲ, ಗಂಟೂ ಇಲ್ಲ. ಈ ಜಗ್ಗಾಟ ಒಂದೇ ಇರುವುದು.

ಈಗ ನಿಮ್ಮ ತಪ್ಪಿಗೆ ಬರೋಣ. ನೀವು "ವಿರುದ್ಧ" ಅನ್ನುವ ಮಾತನ್ನು ನಿಮ್ಮ ಕೈಗೂ ತಮ್ಮನ ಕೈಗೂ ಹೋಲಿಸಿ ಅರ್ಥ ಮಾಡಿಕೊಂಡಿರಿ. ನಡುವೆ ಎರಡು ವಿಷಯ ಮರೆತಿರಿ. ಒಂದು, ಹಿಡಿ ಬಲಕ್ಕೆ ಹೋದರೆ ಕೊಕ್ಕೆ ಎಡಕ್ಕೆ ಹೋಗುತ್ತದೆ, ಯಾಕೆಂದರೆ ಕಚ್ಚಿಕೊಂಡ ಎರಡು ಗೇರ್ ಯಾವಾಗಲೂ ತದ್ವಿರುದ್ಧ. ಎರಡು, ನೀವಿಬ್ಬರೂ ಎದುರುಬದುರು ನಿಂತಿದ್ದೀರಿ. ಅವನ ಎಡಸುತ್ತು ನಿಮ್ಮ ಕಡೆಯಿಂದ ನೋಡಿದರೆ ಬಲಸುತ್ತು.

ಹಿಡಿಯನ್ನು ಬಿಟ್ಟುಬಿಡಿ, ಕೊಕ್ಕೆಗಳನ್ನಷ್ಟೇ ನೋಡಿ. ನೀವು ನಿಂತ ಜಾಗದಿಂದ ನಿಮ್ಮ ಮೂರು ಕೊಕ್ಕೆ ಎಡಕ್ಕೆ ಸುತ್ತಿದವು, ಆ ತುದಿಯ ಒಂಟಿ ಕೊಕ್ಕೆ ಬಲಕ್ಕೆ ಸುತ್ತಿತು. ಎರಡೂ ತುದಿಯಿಂದ ಬಲಮುರಿ ತಿರುವನ್ನೇ ತುಂಬಿದ ಹಾಗಾಯಿತು. ಎಳೆಯೂ ಬಲಮುರಿ, ಹಗ್ಗವೂ ಬಲಮುರಿ. ಎರಡೂ ಒಂದೇ ಕಡೆಗೆ ಬಿಚ್ಚಿಕೊಳ್ಳಲು ಕಾದಿದ್ದವು, ತಡೆಯುವವರು ಯಾರೂ ಇರಲಿಲ್ಲ. ಹುರಿಯೂ ಬಲಮುರಿಯೇ ಆಗಿದ್ದರೆ ಮೊದಲೇ ಬಿಗಿಯಾಗಿದ್ದದ್ದು ಇನ್ನೂ ಬಿಗಿದು ಕುಣಿಕೆ ಹಾಕಿಕೊಂಡಿತು. ನಿಮ್ಮ ಎರಡು ತೊಂದರೆಗೂ ಕಾರಣ ಒಂದೇ.

ನಿಮ್ಮ ಜಾಗದಿಂದ ನೋಡಿದರೆ ಎರಡೂ ತುದಿಯ ಕೊಕ್ಕೆಗಳು ಒಂದೇ ಕಡೆಗೆ ಸುತ್ತಬೇಕು. ಇದೊಂದನ್ನು ನೆನಪಿಡಿ. ತಮ್ಮ ಮಾಡಿದ್ದು ಸರಿಯಾಗಿಯೇ ಇದೆ, ಅವನು ಹಾಗೇ ಮುಂದುವರಿಸಲಿ. ನೀವು ಹಿಡಿಯನ್ನು ಎಡಕ್ಕೆ ತಿರುಗಿಸಿ.

ಇನ್ನೂ ಒಳ್ಳೆಯದೆಂದರೆ ತಮ್ಮನ ಕೈಯಿಂದ ಆ ಕೆಲಸವನ್ನೇ ತೆಗೆದುಬಿಡಿ. ಚಕ್ರವಿರುವ ಚಿಕ್ಕ ಹಲಗೆಯ ಮೇಲೆ ಬೇರಿಂಗ್ ಕೂರಿಸಿ, ಅದಕ್ಕೆ ಆ ಕೊಕ್ಕೆ ಹಾಕಿ. ಹಲಗೆಯ ಮೇಲೆ ಆರೇಳು ಕಿಲೊ ಭಾರ ಇಡಿ. ಶುರುವಿನಲ್ಲಿ ಕೊಕ್ಕೆ ತಿರುಗದಂತೆ ಒಂದು ಮೊಳೆ ಸಿಕ್ಕಿಸಿ. ಎಳೆಗಳಿಗೆ ತಿರುವು ತುಂಬಿದಂತೆ ಅವು ಗಿಡ್ಡವಾಗಿ ಹಲಗೆಯನ್ನು ತಾವೇ ಎಳೆದುಕೊಳ್ಳುತ್ತವೆ. 9 ಮೀಟರ್ 8 ಮೀಟರ್ ಹತ್ತಿರ ಬಂದಾಗ ಬುಗುರಿಯನ್ನು ಒಂಟಿ ಕೊಕ್ಕೆಗೆ ತಾಗಿಸಿ ಹಿಡಿದು ಮೊಳೆ ಕೀಳಿ. ಕೊಕ್ಕೆ ತಾನಾಗಿಯೇ ಸರಿಯಾದ ಕಡೆಗೆ ತಿರುಗುತ್ತದೆ. ದಿಕ್ಕಿನ ಗೊಂದಲವೇ ಇರುವುದಿಲ್ಲ, ತಪ್ಪು ಕಡೆಗೆ ತಿರುಗಲು ಅದಕ್ಕೆ ಸಾಧ್ಯವೇ ಇಲ್ಲ. ಹಗ್ಗ ಬುಗುರಿಯ ಹಿಂದೆ ಕೂಡಿಕೊಳ್ಳುತ್ತಾ ಅದನ್ನು ಯಂತ್ರದ ಕಡೆಗೆ ತಳ್ಳಿಕೊಂಡು ಬರುತ್ತದೆ. ನೀವು ತಳ್ಳಲೂ ಬೇಡಿ, ಎಳೆಯಲೂ ಬೇಡಿ. ಓಡಿಬರದಂತೆ ಸ್ವಲ್ಪ ತಡೆದು ಹಿಡಿದರೆ ಸಾಕು.

ಆ ಹೊತ್ತಿನಲ್ಲಿ ಯಂತ್ರ ನಿಲ್ಲಿಸಬಾರದು. ಒಂಟಿ ಕೊಕ್ಕೆ ತಿರುಗಿದಷ್ಟೂ ಎಳೆಗಳ ತಿರುವು ಖಾಲಿಯಾಗುತ್ತಿರುತ್ತದೆ. ಈ ಕಡೆಯಿಂದ ತುಂಬುತ್ತಲೇ ಇರಬೇಕು. ಪವರ್‌ಲೂಮ್ ಮಾಡಿದ ಎಡ್ಮಂಡ್ ಕಾರ್ಟ್‌ರೈಟ್ 1792ರಲ್ಲಿ ಹಗ್ಗದ ಯಂತ್ರಕ್ಕೂ ಪೇಟೆಂಟ್ ಪಡೆದರು. ಅದರಲ್ಲಿ ಎಳೆ ಸುತ್ತಿಟ್ಟ ಉರುಳೆಗಳೇ ತಿರುಗುವ ಚೌಕಟ್ಟಿನ ಮೇಲೆ ಕೂರುತ್ತವೆ. ನಾನು ನೋಡಿಕೊಳ್ಳುತ್ತಿದ್ದ ಯಂತ್ರದಲ್ಲೂ ಹಾಗೇ. ಚೌಕಟ್ಟು ಸುತ್ತು ಹೊಡೆದರೂ ಉರುಳೆಗಳ ತೊಟ್ಟಿಲು ಮಗುಚದಂತೆ ಗೇರ್ ಕೊಟ್ಟಿರುತ್ತಾರೆ, ಎಳೆಯ ತಿರುವು ಕಳೆದುಹೋಗಬಾರದು ಅಂತ. ಹೀಗೆ ಮಾಡಿದರೆ ಉದ್ದನೆಯ ಜಾಗವೂ ಬೇಡ. ಹಗ್ಗ ಒಂದು ಕಡೆ ಆಗುತ್ತಾ ಇನ್ನೊಂದು ಕಡೆ ಸುತ್ತಿಕೊಳ್ಳುತ್ತಿರುತ್ತದೆ. ಅದಿಲ್ಲದ ಕಾಲದಲ್ಲಿ ಹಗ್ಗ ಎಷ್ಟು ಉದ್ದವೋ ಅದಕ್ಕಿಂತ ಉದ್ದದ ಕಟ್ಟಡವೇ ಬೇಕಿತ್ತು. ಇಂಗ್ಲೆಂಡಿನ ಚಾಥಮ್ ಹಡಗುಕಟ್ಟೆಯ ಹಗ್ಗದ ಮನೆ 346 ಮೀಟರ್ ಇದೆ. ಅಲ್ಲಿ ಇವತ್ತಿಗೂ ಹಗ್ಗ ಹೊಸೆಯುತ್ತಾರೆ.

ಇನ್ನೊಂದು ಮಾತು, ಇದು ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ಹನ್ನೆರಡು ಹುರಿಗೂ ಬಿಗಿ ಒಂದೇ ಇದೆಯಾ ಅಂತ ಬೆರಳಲ್ಲಿ ಮೀಟಿ ನೋಡಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಒಂದು ಉರುಳೆಯ ಬ್ರೇಕ್ ಪಟ್ಟಿ ಸಡಿಲ ಬಿಟ್ಟುಬಿಟ್ಟೆ. ಆ ಒಂದು ಎಳೆ ಸಲೀಸಾಗಿ ಬಿಚ್ಚಿಬಂತು, ಉಳಿದೆರಡು ಬಿಗಿಯಾಗಿ ಬಂದವು. ಹಗ್ಗದ ಉದ್ದಕ್ಕೂ ಒಂದು ಎಳೆ ಉಬ್ಬಿಕೊಂಡಿತ್ತು. ಎಳೆದು ಪರೀಕ್ಷೆ ಮಾಡಿದಾಗ ಬಿಗಿಯಾಗಿದ್ದ ಎರಡು ಮೊದಲು ಹರಿದವು, ಆಮೇಲೆ ಮೂರನೆಯದು. ಮೂರು ಎಳೆಯ ಹಗ್ಗ ಎರಡು ಎಳೆಯ ಬಲದಲ್ಲಿ ನಿಂತಿತ್ತು. ಇಡೀ ಸುರುಳಿ ಪಕ್ಕಕ್ಕೆ ಹೋಯಿತು. ಆ ದಿನದಿಂದ ಪ್ರತಿ ಪಾಳಿಯಲ್ಲೂ ನಾನು ಮೊದಲು ಮುಟ್ಟಿ ನೋಡುತ್ತಿದ್ದದ್ದು ಬ್ರೇಕ್ ಪಟ್ಟಿಗಳನ್ನು.

ದಪ್ಪ ಎಳೆಯಲ್ಲಿ ಇದು ಇನ್ನೂ ಕಷ್ಟ. ನಡುವಿನ ಹುರಿ ನೆಟ್ಟಗೆ ಹೋಗುತ್ತದೆ, ಹೊರಗಿನದು ಸುತ್ತಿಕೊಂಡು ಹೋಗುತ್ತದೆ. ಹೊರಗಿನ ಹುರಿ ನಡುವಿನಿಂದ 1 ಸೆಂ.ಮೀ. ದೂರ ಇದ್ದು, 12 ಸೆಂ.ಮೀ.ಗೆ ಒಂದು ಸುತ್ತು ಬಂದರೆ ಅದಕ್ಕೆ 13.5 ಸೆಂ.ಮೀ. ಉದ್ದ ಬೇಕು. ಎಲ್ಲ ಹುರಿಯನ್ನೂ ಒಂದೇ ಉದ್ದಕ್ಕೆ ಕತ್ತರಿಸಿ ತಿರುಚಿದರೆ ಹೊರಗಿನವು ಬಿಗಿದು ನಿಲ್ಲುತ್ತವೆ, ಒಳಗಿನವು ಸುಮ್ನೆ ಜೊತೆಗಿರುತ್ತವೆ. ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕ್ಯಾಪ್ಟನ್ ಆಗಿದ್ದ ಜೋಸೆಫ್ ಹಡ್ಡರ್ಟ್ 1793ರಲ್ಲಿ ಇದಕ್ಕೊಂದು ದಾರಿ ಮಾಡಿ ಪೇಟೆಂಟ್ ಪಡೆದರು. ಪ್ರತಿ ಹುರಿಗೂ ಬೇರೆ ಉರುಳೆ. ಮುಂದೆ ಸುತ್ತುಸುತ್ತಾಗಿ ತೂತು ಕೊರೆದ ತಟ್ಟೆ, ಅದರಾಚೆ ಒಂದು ಕೊಳವೆ. ಯಾವ ಹುರಿಗೆ ಎಷ್ಟು ಉದ್ದ ಬೇಕೋ ಅಷ್ಟನ್ನು ಅದು ತನ್ನ ಉರುಳೆಯಿಂದ ತಾನೇ ಎಳೆದುಕೊಳ್ಳುತ್ತದೆ. ನನ್ನ ಯಂತ್ರದಲ್ಲೂ ಅಂಥದೇ ತಟ್ಟೆ ಇತ್ತು. ತೂತುಗಳ ಅಂಚು ಸವೆದಿದೆಯಾ ಅಂತ ಬೆರಳು ಹಾಕಿ ನೋಡುವಾಗೆಲ್ಲ ನನಗೆ ಆ ಮನುಷ್ಯನ ಮೇಲೆ ಗೌರವ ಬರುತ್ತಿತ್ತು.

ನಿಮ್ಮದು ಎಳೆಗೆ ನಾಲ್ಕೇ ಹುರಿ, ಅಷ್ಟು ತೊಂದರೆ ಬರುವುದಿಲ್ಲ. ಬಿಗಿ ಮಾತ್ರ ಸಮ ಮಾಡಿಕೊಳ್ಳಿ.

ಗುಹೆ ಕುತೂಹಲ:

ಬುಗುರಿಯ ಗೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ಮ್ಯಾಮತ್ (ಈಗ ಅಳಿದುಹೋಗಿರುವ, ಆನೆಯಂಥ ಪ್ರಾಣಿ) ದಂತದ ಒಂದು ಪಟ್ಟಿ ಸಿಕ್ಕಿದೆ. ಉದ್ದ 20.4 ಸೆಂ.ಮೀ. ಸುಮಾರು 40,000 ವರ್ಷ ಹಳೆಯದು. ಅದರಲ್ಲಿ ನಾಲ್ಕು ತೂತು, ಪ್ರತಿ ತೂತಿನ ಒಳಗೂ ಸುರುಳಿಯಾಗಿ ಕೊರೆದ ಗೀರು. ಇದು ಹಗ್ಗ ಹೊಸೆಯುವ ಸಾಧನ ಎಂದು ಸಂಶೋಧಕರು 2016ರಲ್ಲಿ ತಿಳಿಸಿದರು. ಅದೇ ರೀತಿಯದನ್ನು ಮಾಡಿ ಹಗ್ಗ ಹೊಸೆದೂ ನೋಡಿದರು. ಎಳೆಗಳನ್ನು ಬೇರೆಬೇರೆಯಾಗಿ ಹಿಡಿದು ಒಂದು ಜಾಗಕ್ಕೆ ತಂದು ಸೇರಿಸುವುದು, ನಿಮ್ಮ ಬುಗುರಿ ಮಾಡುವುದೂ ಅದನ್ನೇ ಅಲ್ವಾ? ಅದರ ಚಿತ್ರ ನೋಡಿದ ದಿನ ನನಗೆ ಬೇರೆ ಕೆಲಸವೇ ಸಾಗಲಿಲ್ಲ.

ನಿಮ್ಮ ಬುಗುರಿಯ ಗೀರುಗಳನ್ನು ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿ, ಮೇಣ ಸವರಿ. ಸೆಣಬು ಒರಟು, ಎಲ್ಲಿ ತಡೆಯುತ್ತದೋ ಅಲ್ಲೇ ಗಂಟಾಗುತ್ತದೆ.

ಮರಗೆಲಸ ಕಲಿಕೆ:

ಫಿಟ್ಟರ್ ಸರ್, ಹಗ್ಗವಾಯಿತು!

ಹುರಿ ನೋಡಿದೆ, ನೀವು ಹೇಳಿದಂತೆ ಬಲಮುರಿಯೇ. ಹಿಡಿ ಎಡಕ್ಕೆ ತಿರುಗಿಸಿದೆ. ಹಳೆಯ ಆಟಿಕೆ ಗಾಡಿಯ ಮೇಲೆ ಬೇರಿಂಗ್ ಕೂರಿಸಿ 7 ಕಿಲೊ ಭಾರ ಇಟ್ಟೆ. ಬುಗುರಿಗೆ ಮೇಣ ಸವರಿದೆ. ಮೊಳೆ ಕಿತ್ತ ಕೂಡಲೇ ಕೊಕ್ಕೆ ಗಿರ್ರನೆ ತಿರುಗಿತು. ಬುಗುರಿ ನನ್ನ ತಮ್ಮನ ಕೈಯನ್ನೇ ತಳ್ಳಿಕೊಂಡು ಬಂತು. ಅವನಿಗೂ ನನಗೂ ಮಾತೇ ಹೊರಡಲಿಲ್ಲ. 9 ಮೀಟರ್ ಹುರಿಗೆ 6.9 ಮೀಟರ್ ಹಗ್ಗ ಸಿಕ್ಕಿತು, ದಪ್ಪ 9 ಮಿ.ಮೀ. ಹತ್ತಿರ. ಕೊಕ್ಕೆಯಿಂದ ತೆಗೆದು ನೆಲದ ಮೇಲೆ ಬಿಟ್ಟೆ. ಸ್ವಲ್ಪ ಮಿಸುಕಾಡಿ ಸುಮ್ಮನೆ ಮಲಗಿತು. ಬಿಚ್ಚಿಕೊಳ್ಳಲಿಲ್ಲ. ಈಗ ಉಯ್ಯಾಲೆಗೆ ಎರಡು ಹಗ್ಗ ಮಾಡಲೇ?

ಹಳೆ ಫಿಟ್ಟರ್:

ಓದಿ ತುಂಬ ಸಂತೋಷವಾಯಿತು. ಆ ಬುಗುರಿ ಕೈಯನ್ನು ತಳ್ಳುವುದನ್ನು ಒಮ್ಮೆ ಅನುಭವಿಸಿದರೆ ಮರೆಯಲಾಗದು.

ಉಯ್ಯಾಲೆಗೆ ಮಾತ್ರ ಇದನ್ನು ಬಳಸಬೇಡಿ. ದಯವಿಟ್ಟು ಬೇಡ. ಸೆಣಬು ಒದ್ದೆಯಾದರೆ ಒಳಗಿನಿಂದ ಕೊಳೆಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಉಯ್ಯಾಲೆಯ ಹಗ್ಗ ಮೇಲೆ ಉಜ್ಜುವ ಜಾಗದಲ್ಲಿ ದಿನದಿನಕ್ಕೂ ಸವೆಯುತ್ತದೆ. ಮನೆಯಲ್ಲಿ ಹೊಸೆದ ಹಗ್ಗ ಎಷ್ಟು ಭಾರ ತಡೆಯುತ್ತದೆ ಅಂತ ಎಳೆದು ನೋಡುವ ಯಂತ್ರ ನಿಮ್ಮ ಹತ್ತಿರ ಇಲ್ಲ. ಮಗು ಕೂರುವ ಉಯ್ಯಾಲೆಗೆ, ಎಷ್ಟು ಭಾರಕ್ಕೆ ಅಂತ ನಮೂದಿಸಿದ ಹಗ್ಗವನ್ನೇ ತನ್ನಿ. ನಿಮ್ಮ ಹಗ್ಗದಲ್ಲಿ ಮಗಳಿಗೆ ಸ್ಕಿಪ್ಪಿಂಗ್ ಹಗ್ಗ ಮಾಡಿಕೊಡಿ. ನೀವು ಬಳಸಿದ ಹುರಿಗೆ ಎಳೆಗೆ ನಾಲ್ಕರ ಬದಲು ಮೂರು ಹಾಕಿದರೆ ಕೈಗೆ ಹಗುರಾಗುತ್ತದೆ. ಯಂತ್ರದ ಹಿಡಿಯನ್ನು ಅವಳ ಕೈಗೇ ಕೊಡಿ.

ಕತ್ತರಿಸುವ ಮೊದಲು, ಕತ್ತರಿ ಹಾಕುವ ಜಾಗದ ಎರಡೂ ಪಕ್ಕ ತೆಳು ದಾರವನ್ನು ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಸುತ್ತಿ ಕಟ್ಟಿ. ಆಮೇಲೆ ನಡುವೆ ಕತ್ತರಿಸಿ.

ಮರಗೆಲಸ ಕಲಿಕೆ:

ಉಯ್ಯಾಲೆಗೆ ಬೇರೆ ಹಗ್ಗ ತರುತ್ತೇನೆ ಸರ್, ಮಾತು ಕೊಡುತ್ತೇನೆ. ಸ್ಕಿಪ್ಪಿಂಗ್ ಹಗ್ಗಕ್ಕೆ ಹುರಿ ಅಳೆಯುತ್ತಿದ್ದೇವೆ. ಎಳೆಗೆ ಮೂರು, ಒಟ್ಟು ಒಂಬತ್ತು. ಹಿಡಿ ಯಾವ ಕಡೆ ತಿರುಗಿಸಬೇಕು ಅಂತ ಮಗಳು ಹಲಗೆಯ ಮೇಲೆ ಬಾಣದ ಗುರುತು ಬರೆದಿದ್ದಾಳೆ.